ಅರಿಜೋನಾದಿಂದ ಆಲ್ಬರ್ಟಾಕ್ಕೆ: ಚಳಿಗಾಲ ಕಳೆದು ಮೋಟರ್‌ಹೋಮಿನಲ್ಲಿ ಮನೆಗೆ ಮರಳುವವರಿಗೆ

ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ನೆಲೆಸಿ ನಿವೃತ್ತರಾದ ದಂಪತಿಗಳಲ್ಲಿ ಹಲವರು ಹಿಮ ಬೀಳುವ ಹೊತ್ತಿಗೆ, ಅಡುಗೆಮನೆ, ಹಾಸಿಗೆ, ಬಚ್ಚಲು ಒಳಗೇ ಇರುವ ವಾಹನವಾದ ಮೋಟರ್‌ಹೋಮ್ ಹತ್ತಿ ಅಮೆರಿಕದ ಅರಿಜೋನಾಕ್ಕೆ ಹೊರಟುಬಿಡುತ್ತಾರೆ. ಇವರಿಗೆ ಎರಡೂ ದೇಶಗಳಲ್ಲಿ ಸ್ನೋಬರ್ಡ್‌ಗಳೆಂದೇ ಹೆಸರು. ಹೋಗುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮರಳುವುದು ಹೇಗೆಂದು ಕೇಳಿದರೆ, ಹೋದ ದಾರಿಯಲ್ಲೇ ಬನ್ನಿ ಎನ್ನುತ್ತಾರೆ. ದಾರಿ ಒಂದೇ ಆದರೂ ಪ್ರಯಾಣ ಒಂದೇ ಅಲ್ಲ. ಹೋಗುವಾಗ ದಿನ ಕಳೆದಂತೆಲ್ಲ ಹವೆ ಹಿತವಾಗುತ್ತ ಹೋಗುತ್ತದೆ. ಬರುವಾಗ ಬೆಳಿಗ್ಗೆ ಎ.ಸಿ. ಹಾಕಿಕೊಂಡು ಹೊರಟ ವಾಹನವೇ ಕೆಲವು ದಿನಗಳಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಳಗಿರುವ ಊರಿನಲ್ಲಿ ತಂಗಬೇಕಾಗುತ್ತದೆ. ಇಲ್ಲಿ ಬರೆದಿರುವ ಸಲಹೆಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು.

ಹೊರಡುವ ದಿನ

ಅರಿಜೋನಾದ ಕ್ವಾರ್ಟ್ಸ್‌ಸೈಟ್ ಸುತ್ತಲಿನ ಸರ್ಕಾರಿ ಮರುಭೂಮಿಯಲ್ಲಿ ದೀರ್ಘಕಾಲ ತಂಗುವವರಿಗೆ ಕೊಡುವ ಪರವಾನಗಿಯ ಅವಧಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರುತ್ತದೆ. ಆದರೂ ಮಾರ್ಚ್ ಮಧ್ಯದಲ್ಲಿ ಬಿಸಿಲು ಏರತೊಡಗಿ ಅಕ್ಕಪಕ್ಕದ ಗಾಡಿಗಳು ಒಂದೊಂದಾಗಿ ಹೊರಟಾಗ, ನಾವು ಮಾತ್ರ ಏಕೆ ಉಳಿಯಬೇಕು ಎಂಬ ಆತುರ ಹುಟ್ಟುತ್ತದೆ. ಆ ಆತುರಕ್ಕೆ ಸೋಲಬಾರದು. ಕ್ಯಾಲ್ಗರಿಯಲ್ಲಿ ಮಾರ್ಚ್ ಮತ್ತು ಏಪ್ರಿಲ್ ಹೆಚ್ಚು ಹಿಮ ಬೀಳುವ ತಿಂಗಳುಗಳ ಸಾಲಿಗೇ ಸೇರುತ್ತವೆ. ಮೇ ತಿಂಗಳಲ್ಲಿ ಹಿಮ ಬಿದ್ದರೂ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಏಪ್ರಿಲ್ ಎರಡನೆಯ ವಾರಕ್ಕಿಂತ ಮೊದಲು ಹೊರಡಲು ಆರೋಗ್ಯದ ತುರ್ತನ್ನು ಬಿಟ್ಟರೆ ಬೇರೆ ಕಾರಣ ಸಾಲದು.

ದಿನಾಂಕವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡುವುದಕ್ಕಿಂತ ಎರಡು ಸ್ಥಳಗಳ ಹವಾಮಾನ ನೋಡಿ ಗೊತ್ತುಮಾಡುವುದು ಒಳ್ಳೆಯದು. ಒಂದು, ಐಡಹೊ ಮತ್ತು ಮೊಂಟಾನಾ ರಾಜ್ಯಗಳ ಗಡಿಯಲ್ಲಿ ಸುಮಾರು 2,090 ಮೀಟರ್ ಎತ್ತರದಲ್ಲಿರುವ ಮೊನೈಡಾ ಕಣಿವೆಮಾರ್ಗ; ಇನ್ನೊಂದು, ಅದರಾಚೆಗಿನ ಬ್ಯೂಟ್ ಪಟ್ಟಣ. ಹೊರಡುವ ಹತ್ತು ದಿನ ಮೊದಲಿನಿಂದಲೇ ಈ ಎರಡು ಕಡೆಯ ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ಗಾಳಿಯ ವೇಗವನ್ನೂ ದಿನವೂ ನೋಡುತ್ತಿದ್ದರೆ, ಅಲ್ಲಿಯ ಹವೆ ಯಾವ ಲಯದಲ್ಲಿ ಏರಿಳಿಯುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಇದರ ಜೊತೆಗೆ ದಿನಗಳ ಲೆಕ್ಕವೂ ಇದೆ. ಆಲ್ಬರ್ಟಾದ ಆರೋಗ್ಯ ವಿಮೆ ಉಳಿಯಬೇಕಾದರೆ 12 ತಿಂಗಳಲ್ಲಿ 183 ದಿನ ಪ್ರಾಂತದೊಳಗೆ ಇರಬೇಕು. ಅಮೆರಿಕದ ತೆರಿಗೆ ಇಲಾಖೆಯ ಲೆಕ್ಕವೇ ಬೇರೆ: ಈ ವರ್ಷ ಅಲ್ಲಿದ್ದ ಎಲ್ಲ ದಿನಗಳು, ಹಿಂದಿನ ವರ್ಷದ ದಿನಗಳ ಮೂರನೆಯ ಒಂದು ಭಾಗ, ಅದರ ಹಿಂದಿನ ವರ್ಷದ ಆರನೆಯ ಒಂದು ಭಾಗ, ಇವನ್ನು ಕೂಡಿದಾಗ 183 ಮುಟ್ಟಿದರೆ ತೆರಿಗೆಯ ದೃಷ್ಟಿಯಲ್ಲಿ ನೀವು ಅಲ್ಲಿಯ ನಿವಾಸಿಯೆಂದು ಎಣಿಸಲ್ಪಡಬಹುದು. ಕೆನಡಾದೊಂದಿಗೇ ತಮ್ಮ ನಿಕಟ ಸಂಬಂಧವಿದೆಯೆಂದು ತಿಳಿಸುವ 8840 ಸಂಖ್ಯೆಯ ನಮೂನೆಯನ್ನು ಇಂಥವರು ಸಾಮಾನ್ಯವಾಗಿ ಜೂನ್ 15ರೊಳಗೆ ಸಲ್ಲಿಸಬೇಕು, ಗಂಡ ಹೆಂಡತಿ ಇಬ್ಬರೂ ಪ್ರತ್ಯೇಕವಾಗಿ. ಗಡಿ ದಾಟಿದ ದಿನದ ಮಾಹಿತಿಯನ್ನು ಎರಡು ದೇಶಗಳೂ ಪರಸ್ಪರ ಹಂಚಿಕೊಳ್ಳುವುದರಿಂದ ಅಂದಾಜಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರಯಾಣ ವಿಮೆ ಮುಗಿಯುವ ದಿನವನ್ನು ಮನೆ ತಲಪುವ ದಿನಕ್ಕೆ ಸರಿಹೊಂದಿಸದೆ, ಅದರ ಮೇಲೆ ಒಂದು ವಾರ ಹೆಚ್ಚಿಗೆ ಕೊಂಡಿಡಬೇಕು. ಹಿಮಗಾಳಿಗೆ ಹೆದರಿ ನಿಲ್ಲಬೇಕಾದವರು ವಿಮೆ ಮುಗಿಯುತ್ತದೆಂದು ಹೆದರಿ ಹೊರಡುವಂತಾಗಬಾರದು.

ನಿಂತ ಗಾಡಿಯನ್ನು ಎಬ್ಬಿಸುವುದು

ತಿಂಗಳುಗಟ್ಟಲೆ ನಿಂತಿದ್ದ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಟೈರು. ಸವೆಯದೆ ಉಳಿದ ಟೈರನ್ನು ನೋಡಿ ನೆಮ್ಮದಿಯಾಗಿರುವವರು ಬಹಳ. ಆದರೆ ಮೋಟರ್‌ಹೋಮಿನ ಟೈರು ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಹಾಳಾಗುವುದೇ ಹೆಚ್ಚು, ಮರುಭೂಮಿಯ ಬಿಸಿಲು ಆ ವಯಸ್ಸನ್ನು ಇನ್ನೂ ಬೇಗ ತರುತ್ತದೆ. ಟೈರಿನ ಪಕ್ಕದಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಈ ಅಂಕಿಗಳು ಕೆಲವೊಮ್ಮೆ ಒಳಮುಖವಾಗಿರುತ್ತವೆ. ಮಂಡಿಯೂರಿ ಬಗ್ಗಲು ಆಗದವರು ಫೋನನ್ನು ಚಕ್ರದ ಹಿಂದೆ ಚಾಚಿ ಒಂದು ಚಿತ್ರ ತೆಗೆದರೆ ಸಾಕು. ಏಳು ವರ್ಷ ದಾಟಿದ ಟೈರಿನಲ್ಲಿ, ಅದು ಎಷ್ಟೇ ಹೊಸದಾಗಿ ಕಂಡರೂ, ನಾನು 2,400 ಕಿಲೋಮೀಟರು ಹೋಗುವುದಿಲ್ಲ. ಗಾಳಿಯ ಒತ್ತಡವನ್ನು ಬೆಳಗಿನ ತಂಪಿನಲ್ಲಿ ಅಳೆಯಬೇಕು, ಮತ್ತು ಉತ್ತರಕ್ಕೆ ಹೋದಂತೆ ದಿನವೂ ಅಳೆಯಬೇಕು, ಏಕೆಂದರೆ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡವೂ ಶೇಕಡಾ 3ರಿಂದ 4ರಷ್ಟು ಇಳಿಯುತ್ತದೆ.

ಎರಡನೆಯದಾಗಿ ಬಾನೆಟ್ ಎತ್ತಿ ನೋಡಬೇಕು. ಅಲ್ಲಿಯ ಪ್ಯಾಕ್‌ರ್‍ಯಾಟ್ ಎಂಬ ಕಾಡಿಲಿ ಎಂಜಿನ್ನಿನ ಮೇಲೆ ಕಡ್ಡಿ, ಕಳ್ಳಿಯ ಮುಳ್ಳುತುಂಡುಗಳನ್ನು ಒಟ್ಟಿ ಗೂಡು ಕಟ್ಟುತ್ತದೆ, ವೈರುಗಳನ್ನೂ ಕಡಿಯುತ್ತದೆ. ಮುಳ್ಳಿನ ತುಂಡು ಕಂಡರೆ ಬರಿಗೈ ಹಾಕದೆ ದಪ್ಪ ಕೈಗವಸು ತೊಟ್ಟು ತೆಗೆದು, ಏರ್ ಫಿಲ್ಟರಿನ ಪೆಟ್ಟಿಗೆಯನ್ನೂ ಬಿಚ್ಚಿ ನೋಡಿದ ಮೇಲೆಯೇ ಗಾಡಿಯನ್ನು ಚಾಲೂ ಮಾಡಬೇಕು. ಬ್ಯಾಟರಿ ಲಿಥಿಯಂ ಆಗಿದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು ಎಂಬುದು ನೆನಪಿರಲಿ. ಡೀಸೆಲ್ ಗಾಡಿಯವರು ಅರಿಜೋನಾದ ಡೀಸೆಲ್ ತುಂಬಿಕೊಂಡೇ ಮೊಂಟಾನಾದ ಚಳಿಗೆ ಹೋಗದೆ, ಐಡಹೊದಲ್ಲಿ ಟ್ಯಾಂಕ್ ಖಾಲಿಯಾಗುವಂತೆ ನೋಡಿಕೊಂಡು ಅಲ್ಲಿಯ ಚಳಿಗೆ ಒಗ್ಗಿದ ಡೀಸೆಲ್ ಹಾಕಿಸುವುದು ಮೇಲು.

ಇಬ್ಬರಿಗೂ ಗಾಡಿ ಓಡಿಸಲು ಬರುವುದು ಒಳ್ಳೆಯದು. ನಮ್ಮವರಲ್ಲಿ ಯಜಮಾನರು ಓಡಿಸುತ್ತಾರೆ, ಮನೆಯವರು ಪಕ್ಕದಲ್ಲಿ ಕುಳಿತು ದಾರಿ ಹೇಳುತ್ತಾರೆ ಎಂಬ ಪದ್ಧತಿ ಬೇರೂರಿಬಿಟ್ಟಿದೆ. ಓಡಿಸುವವರಿಗೆ ನಡುದಾರಿಯಲ್ಲಿ ಜ್ವರ ಬಂದರೆ ಆ ಪದ್ಧತಿಗೆ ಉತ್ತರವಿಲ್ಲ. ಎರಡು ಆಕ್ಸಲಿನ ಮೋಟರ್‌ಹೋಮಿಗೆ ಆಲ್ಬರ್ಟಾದ ಸಾಮಾನ್ಯ 5ನೆಯ ವರ್ಗದ ಲೈಸೆನ್ಸೇ ಸಾಕಾಗುವುದರಿಂದ, ಮರುಭೂಮಿಯ ಖಾಲಿ ಬಯಲಿನಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದರೆ ಆಗುವ ಕೆಲಸವಿದು.

ನೀರು ಎಲ್ಲಿಯವರೆಗೆ, ಎಲ್ಲಿಂದ ಬೇಡ

ಮರಳುವ ಪ್ರಯಾಣದಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಪೈಪಿನಲ್ಲಿ ಉಳಿದ ನೀರು. ಹೀಟರ್ ಹಾಕಿಕೊಂಡು ಮಲಗಿದರೂ ಗಾಡಿಯ ಹೊಟ್ಟೆಯ ಕೆಳಗಿನ ಪೈಪುಗಳಿಗೆ ಆ ಶಾಖ ಮುಟ್ಟಬೇಕೆಂದಿಲ್ಲ. ಹೆಪ್ಪುಗಟ್ಟಿದ ನೀರು ಹಿಗ್ಗಿ ಪಂಪಿನ ತಲೆಯನ್ನೋ ನಲ್ಲಿಯ ಕೀಲನ್ನೋ ಸೀಳಿರುತ್ತದೆ. ಸೀಳಿದ್ದು ತಿಳಿಯುವುದು ಮಾತ್ರ ಬೇಸಿಗೆಯಲ್ಲಿ ನೀರು ತುಂಬಿಸಿದಾಗ. ಆದ್ದರಿಂದ ದಾರಿಯನ್ನು ಎರಡು ಭಾಗ ಮಾಡಿಕೊಂಡು, ಯೂಟಾ ರಾಜ್ಯದ ದಕ್ಷಿಣದವರೆಗೆ ನೀರಿನ ಪ್ರಯಾಣ, ಅಲ್ಲಿಂದ ಮುಂದೆ ಒಣ ಪ್ರಯಾಣ ಎಂದು ತೀರ್ಮಾನಿಸಬೇಕು. ಒಣಗಿಸುವ ಕೆಲಸಕ್ಕೆ ಸೇಂಟ್ ಜಾರ್ಜ್ ಒಳ್ಳೆಯ ಜಾಗ. ಅಲ್ಲಿಂದ ಸೀಡರ್ ಸಿಟಿಗೆ ಹೋಗುವಷ್ಟರಲ್ಲೇ ರಸ್ತೆ ಸುಮಾರು 900 ಮೀಟರ್ ಏರುತ್ತದೆ, ಚಳಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಮೊದಲು ಕೊಳೆನೀರು ಚೆಲ್ಲುವ ಡಂಪ್ ಸ್ಟೇಷನ್ನಿನಲ್ಲಿ ಶೌಚದ ಟ್ಯಾಂಕನ್ನು, ಆಮೇಲೆ ಬಚ್ಚಲುನೀರಿನ ಟ್ಯಾಂಕನ್ನು ಖಾಲಿ ಮಾಡಬೇಕು. ಈ ಕ್ರಮದಲ್ಲಿ ಮಾಡಿದರೆ ಸೋಪಿನ ನೀರೇ ಕೊಳವೆಯನ್ನು ತೊಳೆಯುತ್ತದೆ. ನೀರು ಕಾಯಿಸುವ ಹೀಟರಿನ ಗ್ಯಾಸು, ಕರೆಂಟು ಎರಡನ್ನೂ ಆರಿಸಿ, ಅದು ಪೂರ್ತಿ ತಣ್ಣಗಾಗುವವರೆಗೆ ಕಾದು, ಒತ್ತಡ ಬಿಡುವ ಕವಾಟವನ್ನು ತೆರೆದ ಮೇಲೆಯೇ ಕೆಳಗಿನ ಬಿರಡೆ ಬಿಚ್ಚಬೇಕು. ಬಿಸಿಯಿರುವಾಗ ಬಿಚ್ಚಿದರೆ ಮುಖಕ್ಕೇ ಚಿಮ್ಮುತ್ತದೆ. ಅನಂತರ, ಹೀಟರಿನೊಳಗೆ ಹೋಗದೆ ನೇರವಾಗಿ ಪೈಪುಗಳಿಗೆ ಹರಿಯುವಂತೆ ಮಾಡುವ ಬೈಪಾಸ್ ಕವಾಟವನ್ನು ತಿರುಗಿಸಬೇಕು. ಇದನ್ನು ಮರೆತರೆ ಮುಂದೆ ಹಾಕುವ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ಎಲ್ಲ ಹೀಟರಿನ ಹೊಟ್ಟೆಗೇ ಹೋಗುತ್ತದೆ. ಕುಡಿಯುವ ನೀರಿನ ಟ್ಯಾಂಕನ್ನೂ ಪೈಪುಗಳ ಕೆಳಗಿನ ಬಿರಡೆಗಳನ್ನೂ ತೆರೆದು ಹರಿಯಬಿಡಬೇಕು.

ಇಷ್ಟಾದ ಮೇಲೆ ಪಂಪಿನ ಹೀರುಕೊಳವೆಯನ್ನು ಇಂಥ ಗಾಡಿಗಳ ನೀರಿನ ಪೈಪಿಗೆಂದೇ ಸಿಗುವ ಗುಲಾಬಿ ಬಣ್ಣದ ಆರ್.ವಿ. ಆಂಟಿಫ್ರೀಜಿನ ಡಬ್ಬಿಗೆ ಇಳಿಸಿ ಪಂಪು ಹಾಕಬೇಕು. ಕಾರಿನ ಎಂಜಿನ್ನಿಗೆ ಹಾಕುವ ಆಂಟಿಫ್ರೀಜ್ ವಿಷ, ಅದನ್ನು ಈ ಪೈಪುಗಳಿಗೆ ಎಂದೂ ಹಾಕಕೂಡದು. ಒಂದೊಂದೇ ನಲ್ಲಿಯನ್ನು ತಿರುಗಿಸಿದಾಗ ಮೊದಲು ನೀರು ಬರುತ್ತದೆ, ಆಮೇಲೆ ಗಾಳಿ ಸೇರಿ ನಲ್ಲಿ ಕೆಮ್ಮಿ ಉಗುಳುತ್ತದೆ, ಆಮೇಲೆ ತಿಳಿಗುಲಾಬಿ, ಕೊನೆಗೆ ಗಾಢ ಗುಲಾಬಿ. ಗಾಢ ಬಣ್ಣ ಬಂದ ಮೇಲೆಯೇ ಮುಚ್ಚಬೇಕು. ಬಿಸಿನೀರಿನ ಕಡೆಗೂ ತಣ್ಣೀರಿನ ಕಡೆಗೂ ಹೀಗೇ ಮಾಡಬೇಕು. ಬಹಳ ಮಂದಿ ಮರೆಯುವುದು ಗಾಡಿಯ ಹೊರಗಿನ ಷವರನ್ನು. ಕಮೋಡಿನ ನೀರು ಬಿಡುವ ಕವಾಟವನ್ನೂ ಒಮ್ಮೆ ಒತ್ತಿ, ಪ್ರತಿಯೊಂದು ಸಿಂಕಿನ ಕಿಂಡಿಗೂ ಒಂದು ಲೋಟ ಸುರಿದರೆ ಕೆಲಸ ಮುಗಿಯಿತು.

ಅಲ್ಲಿಂದ ಮನೆಯವರೆಗೆ ಕುಡಿಯಲು, ಅಡುಗೆಗೆ ಕ್ಯಾನಿನ ನೀರು. ಕಮೋಡಿಗೆ ಆಂಟಿಫ್ರೀಜ್ ಬೆರೆಸಿದ ನೀರು. ಪಾತ್ರೆ ತೊಳೆಯುವುದು ಈಗ ದುಬಾರಿಯ ಕೆಲಸವಾದ್ದರಿಂದ ಅನ್ನ, ಹುಳಿ, ಪಲ್ಯ ಎಂದು ಹರಡಿಕೊಳ್ಳದೆ, ಅರಿಜೋನಾದಲ್ಲೇ ಪುಳಿಯೋಗರೆ ಗೊಜ್ಜನ್ನು ಮಾಡಿ ಸೀಸೆಗೆ ತುಂಬಿಕೊಂಡು, ಗಟ್ಟಿ ಅವಲಕ್ಕಿ, ರವೆ, ಕಾಗದದ ತಟ್ಟೆಗಳನ್ನು ಇಟ್ಟುಕೊಂಡರೆ ದಾರಿ ಸುಗಮ. ಕುಕ್ಕರನ್ನು ಮಾತ್ರ ಬಿಟ್ಟುಬರಬಾರದು. ಎರಡು ಸಾವಿರ ಮೀಟರ್ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ಬರಿ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದನ್ನು ಕಾಯುತ್ತ ಕುಳಿತರೆ ಗ್ಯಾಸು ಮುಗಿಯುತ್ತದೆ.

ದಾರಿ ಮತ್ತು ಗಾಳಿ

ಲಾಸ್ ವೇಗಸ್‌ನಿಂದ ಕೆನಡಾದ ಗಡಿಯವರೆಗೆ ಐ-15 ಹೆದ್ದಾರಿಯೇ ದಾರಿ. ಅರಿಜೋನಾದ ಮೂಲೆಯಲ್ಲಿ ವರ್ಜಿನ್ ನದಿಯ ಕಮರಿಯೊಳಗೆ ರಸ್ತೆ ತಿರುವುತ್ತ ಏರುವಾಗ ನೋಡುವ ಕೆಲಸವನ್ನು ಪಕ್ಕದವರಿಗೆ ಬಿಡಬೇಕು. ಯೂಟಾದಲ್ಲೂ ಮೊಂಟಾನಾದಲ್ಲೂ ಹಲವೆಡೆ ಗಂಟೆಗೆ 80 ಮೈಲಿನ ಮಿತಿ ಇದೆಯೆಂದು ಅಷ್ಟು ವೇಗ ಹೋಗಬೇಕಾಗಿಲ್ಲ. 60ರಿಂದ 65 ಮೈಲು ಗಾಡಿಗೂ ವಯಸ್ಸಿಗೂ ಒಪ್ಪುತ್ತದೆ. ದಿನಕ್ಕೆ 300 ಮೈಲು, ಮಧ್ಯಾಹ್ನ ಮೂರಕ್ಕೆ ನಿಲುಗಡೆ ಎಂಬ ರೂಢಿಯ ನಿಯಮ ಒಳ್ಳೆಯದು.

ಯೂಟಾದ ಸ್ಪ್ಯಾನಿಷ್ ಫೋರ್ಕ್‌ನಲ್ಲಿ ಹೆದ್ದಾರಿಯಿಂದ ತುಸುವೇ ದೂರದಲ್ಲಿ ರಾಧಾಕೃಷ್ಣ ದೇವಸ್ಥಾನವಿದೆ. ಪ್ರಯಾಣದ ನಡುವೆ ದೇವರ ದರ್ಶನಕ್ಕೆ ಅನುಕೂಲವಾದ ಸ್ಥಳ. ಮಾರ್ಚ್ ಕೊನೆಯಲ್ಲಿ ಅಲ್ಲಿ ನಡೆಯುವ ಹೋಳಿ ಹಬ್ಬಕ್ಕೆ ಸಾವಿರಾರು ಜನ ಸೇರುವುದರಿಂದ ಆ ದಿನಗಳಲ್ಲಿ ದೊಡ್ಡ ಗಾಡಿಯನ್ನು ಅತ್ತ ತಿರುಗಿಸಬಾರದು. ಅಲ್ಲಿಂದ ಸಾಲ್ಟ್ ಲೇಕ್ ಸಿಟಿ ದಾಟಿ ಆಗ್ಡೆನ್‌ವರೆಗೆ ನಗರದ ದಟ್ಟಣೆ; ಬೆಳಿಗ್ಗೆ ಹತ್ತರ ಮೇಲೆ, ಮಧ್ಯಾಹ್ನ ಮೂರರ ಒಳಗೆ ಅದನ್ನು ಕಳೆದುಬಿಡಬೇಕು.

ಐಡಹೊ ಫಾಲ್ಸ್‌ನಿಂದ ಉತ್ತರಕ್ಕೆ ಪ್ರತಿ ಬೆಳಿಗ್ಗೆ 511 ಸೇವೆಯಲ್ಲಿ ರಸ್ತೆಯ ಸ್ಥಿತಿ ನೋಡದೆ ಹೊರಡಬಾರದು. ಏಪ್ರಿಲ್‌ನಲ್ಲಿ ಅಲ್ಲಿಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹಲವು ಇನ್ನೂ ತೆರೆದಿರುವುದಿಲ್ಲ, ತೆರೆದಿದ್ದರೂ ನೀರು ಬಿಟ್ಟಿರಲಿಕ್ಕಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ಕೇಳಬೇಕು. ಹಿಮವನ್ನಾದರೂ ಕಣ್ಣಾರೆ ಕಾಣಬಹುದು, ಗಾಳಿಯನ್ನು ಕಾಣಲಾಗುವುದಿಲ್ಲ. ಗ್ರೇಟ್ ಫಾಲ್ಸ್‌ನಿಂದ ಶೆಲ್ಬಿ, ಅಲ್ಲಿಂದ ಗಡಿಯಾಚೆ ಲೆತ್‌ಬ್ರಿಜ್‌ವರೆಗಿನ ಬಯಲಿನಲ್ಲಿ ರಾಕಿ ಪರ್ವತಗಳಿಂದಿಳಿಯುವ ಚಿನೂಕ್ ಗಾಳಿ ಉತ್ತರಕ್ಕೆ ಹೋಗುವ ಗಾಡಿಯ ಎಡಮಗ್ಗುಲಿಗೆ ನೇರವಾಗಿ ಬಡಿಯುತ್ತದೆ. ಎದುರಿನಿಂದ ಬಂದ ಲಾರಿ ಮರೆಯಾದ ಕ್ಷಣವೇ ಗಾಡಿ ಬಲಕ್ಕೆ ಜರುಗುವುದು ಸ್ಟೀರಿಂಗ್ ಹಿಡಿದವರ ಅಂಗೈಗೆ ಗೊತ್ತಾಗುತ್ತದೆ. ರಭಸದ ಗಾಳಿ ಗಂಟೆಗೆ 60 ಕಿಲೋಮೀಟರು ಮೀರುವ ಮುನ್ಸೂಚನೆ ಇದ್ದರೆ ಗ್ರೇಟ್ ಫಾಲ್ಸ್‌ನಲ್ಲೇ ಇನ್ನೊಂದು ರಾತ್ರಿ ಉಳಿಯುವುದು ವಿವೇಕ. ಸಾಮಾನ್ಯವಾಗಿ ನಸುಕಿನಲ್ಲಿ ಗಾಳಿ ತಗ್ಗಿರುವುದರಿಂದ ಆ ಹೊತ್ತಿಗೇ ಹೊರಟು ಹತ್ತು ಗಂಟೆಯೊಳಗೆ ಗಡಿ ತಲಪುವಂತೆ ನೋಡಿಕೊಳ್ಳಬೇಕು.

ಗಡಿಯಲ್ಲಿ

ಅಮೆರಿಕದ ಕಡೆ ಸ್ವೀಟ್‌ಗ್ರಾಸ್, ಕೆನಡಾದ ಕಡೆ ಕೂಟ್ಸ್. ಈ ಗಡಿಠಾಣೆ ಹಗಲಿರುಳೂ ತೆರೆದಿರುತ್ತದೆ. 48 ಗಂಟೆಗಿಂತ ಹೆಚ್ಚು ಹೊರಗಿದ್ದು ಮರಳುವವರು ತಲಾ 800 ಕೆನಡಿಯನ್ ಡಾಲರ್ ಬೆಲೆಯ ಸಾಮಾನನ್ನು ಸುಂಕವಿಲ್ಲದೆ ತರಬಹುದು. ಸಾಮಾನೆಂದರೆ ಬಟ್ಟೆಬರೆ ಮಾತ್ರವಲ್ಲ. ಅರಿಜೋನಾದಲ್ಲಿ ಹಾಕಿಸಿದ ಹೊಸ ಟೈರು, ಸೋಲಾರ್ ಫಲಕ, ಗಾಡಿಗೆ ಮಾಡಿಸಿದ ರಿಪೇರಿ, ಇವನ್ನೂ ಹೇಳಬೇಕು. ಚಳಿಗಾಲದ ಮೊದಲ ದಿನದಿಂದಲೇ ರಸೀದಿಗಳನ್ನು ಒಂದೇ ಲಕೋಟೆಯಲ್ಲಿ ಹಾಕುತ್ತ ಬಂದವರಿಗೆ ಇದು ಐದು ನಿಮಿಷದ ಮಾತು. ಸೌದೆಯನ್ನು ಗಡಿಗೆ ಮೊದಲೇ ಉರಿಸಿ ಮುಗಿಸಬೇಕು. ಹಣ್ಣು, ಮೊಟ್ಟೆ, ಕುಂಡದ ಗಿಡ ಇದ್ದರೆ ಕೇಳುವ ಮೊದಲೇ ಹೇಳಬೇಕು. ಮಂಡಿನೋವಿಗೆಂದು ಅರಿಜೋನಾದ ಅಂಗಡಿಯಲ್ಲಿ ಕೊಂಡ, ಗಾಂಜಾ ಗಿಡದಿಂದ ತೆಗೆದ ಸಿ.ಬಿ.ಡಿ. ಎಣ್ಣೆಯನ್ನಂತೂ ಅಲ್ಲೇ ಬಿಡಬೇಕು: ಗಾಂಜಾ ಕೆನಡಾದಲ್ಲಿ ಕಾನೂನುಬದ್ಧವಾಗಿದ್ದರೂ ಅದರ ಯಾವ ರೂಪವನ್ನೂ ಪರವಾನಗಿಯಿಲ್ಲದೆ ಗಡಿ ದಾಟಿಸುವುದು ಅಪರಾಧ.

ಮನೆ ಮುಟ್ಟಿದ ಮೇಲೆ

ಮನೆಯ ಮುಂದೆ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ನಗರಗಳು ಸಾಮಾನು ಇಳಿಸುವಷ್ಟು ಕಾಲ ಮಾತ್ರ ಬಿಡುವುದುಂಟು, ಆದ್ದರಿಂದ ನಿಲ್ಲಿಸುವ ಅಂಗಳವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮನೆಯ ಮುಖ್ಯ ನಲ್ಲಿಯನ್ನು ಸ್ವಲ್ಪವೇ ತೆರೆದು, ಒಬ್ಬರು ನೆಲಮಾಳಿಗೆಯಲ್ಲಿ ನಿಂತು ಎಲ್ಲೂ ತೊಟ್ಟಿಕ್ಕುತ್ತಿಲ್ಲವೆಂದು ಹೇಳಿದ ಮೇಲೆ ಪೂರ್ತಿ ತೆರೆಯಬೇಕು. ಮೋಟರ್‌ಹೋಮಿನ ಪೈಪುಗಳ ಗುಲಾಬಿ ದ್ರವವನ್ನು ಮೇ ತಿಂಗಳ ಕೊನೆಯವರೆಗೆ ತೆಗೆಯಬಾರದು. ರಾತ್ರಿಯ ಚಳಿ ಪೂರ್ತಿ ಕಳೆದ ಮೇಲೆ ಪೈಪುಗಳನ್ನು ತೊಳೆದು, ಟ್ಯಾಂಕಿನ ಪ್ರತಿ 57 ಲೀಟರಿಗೆ ಕಾಲು ಕಪ್ಪು ಸುಗಂಧ ಬೆರೆಸದ ಬ್ಲೀಚನ್ನು ನೀರಿನಲ್ಲಿ ಬೆರೆಸಿ ತುಂಬಿ, ಎಲ್ಲ ನಲ್ಲಿಗಳಲ್ಲೂ ಅದರ ವಾಸನೆ ಬರುವವರೆಗೆ ಹರಿಸಿ, ಒಂದು ರಾತ್ರಿ ಬಿಟ್ಟು, ಚೆಲ್ಲಿ, ವಾಸನೆ ಹೋಗುವವರೆಗೆ ಶುದ್ಧ ನೀರಿನಲ್ಲಿ ತೊಳೆಯಬೇಕು.