ನಾಲ್ಕು ಸೇನೆಗಳ ಊರಿನ ಪತ್ರಿಕೆ ಓದುವುದು ಹೇಗೆ: ಬರ್ಲಿನ್, 1945ರಿಂದ 1949

ಮೊದಲು ಒಂದು ದಪ್ಪ ನೋಟ್‌ಬುಕ್ ತೆಗೆದುಕೊಳ್ಳಿ. ಅಡ್ಡಲಾಗಿ ಇಟ್ಟು ಐದು ಕಾಲಂ ಬರುವಂತೆ ಗೆರೆ ಎಳೆಯಿರಿ. ನಾಲ್ಕರ ಮೇಲೆ ರಷ್ಯ, ಅಮೆರಿಕ, ಬ್ರಿಟನ್, ಫ್ರಾನ್ಸ್ ಎಂದು ಬರೆಯಿರಿ. ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನೂ ಬರ್ಲಿನ್ ಊರನ್ನೂ ಈ ನಾಲ್ಕು ದೇಶಗಳ ಸೇನೆಗಳು ವಲಯಗಳಾಗಿ ಹಂಚಿಕೊಂಡಿದ್ದವು. ಐದನೆಯದನ್ನು ಸದ್ಯಕ್ಕೆ ಖಾಲಿ ಬಿಡಿ. ನಾನು ಇಷ್ಟುದ್ದ ಬರೆಯಲು ಹೊರಟಿರುವುದೇ ಆ ಐದನೇ ಕಾಲಂಗಾಗಿ.

ನಾನು ಹನ್ನೊಂದು ವರ್ಷ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿದವಳು. ರಾತ್ರಿ ಪಾಳಿ. ಕೊನೇ ಗಳಿಗೆಯಲ್ಲಿ ಒಂದು ಸುದ್ದಿ ತೆಗೆದರೆ ಆ ಜಾಗಕ್ಕೆ ಎಂಥದ್ದು ಬಂದು ಕೂರುತ್ತದೆ ಎಂದು ಎಷ್ಟೋ ಸಲ ನೋಡಿದ್ದೇನೆ. ಒಂದು ಫೋಟೊ, ಯಾವುದೋ ದೂರದ ಊರಿನ ಉದ್ಘಾಟನೆ, ಎರಡು ದಿನ ಹಳೆಯದಾದ ಏಜೆನ್ಸಿ ಸುದ್ದಿ. ಆ ಕೆಲಸ ಬಿಟ್ಟ ಮೇಲೆ ಜರ್ಮನ್ ಕಲಿತೆ. ಏಳು ವರ್ಷದಿಂದ ಯುದ್ಧ ಮುಗಿದ ಬರ್ಲಿನ್‌ನ ಪತ್ರಿಕೆಗಳನ್ನು ಓದುತ್ತಿದ್ದೇನೆ.

ನಿಮಗೆ ಜರ್ಮನ್ ಪೂರ್ತಿ ಬರದಿದ್ದರೂ ಶುರು ಮಾಡಬಹುದು. ಅಕ್ಷರಕ್ಕೆ ಹೆದರಬೇಡಿ. ನಾಜಿ ಸರ್ಕಾರವೇ 1941ರಲ್ಲಿ ಆ ಮುರುಟಿದ ಹಳೇ ಗೋಥಿಕ್ ಅಕ್ಷರವನ್ನು ಕೈಬಿಟ್ಟಿತ್ತು. ಹಾಗಾಗಿ 1945ರ ನಂತರದ ಪತ್ರಿಕೆಗಳು ಬಹುಪಾಲು ಇಂದಿನ ರೋಮನ್ ಅಕ್ಷರದಲ್ಲೇ ಇವೆ.

ಯಾರ ಪತ್ರಿಕೆ ಎಂದು ಮೊದಲು ತಿಳಿಯಿರಿ

ಬರ್ಲಿನ್ ಸೋವಿಯತ್ ಒಕ್ಕೂಟದ ಕೆಂಪು ಸೇನೆಗೆ ಶರಣಾದದ್ದು 1945ರ ಮೇ 2ರಂದು. ಅಮೆರಿಕ, ಬ್ರಿಟನ್ ಸೇನೆಗಳು ಊರೊಳಗೆ ಬಂದದ್ದು ಜುಲೈನಲ್ಲಿ. ಈ ಎರಡು ತಿಂಗಳ ಅಂತರ ತುಂಬಾ ಮುಖ್ಯ. ಅಷ್ಟರಲ್ಲಿ ಸೋವಿಯತ್ ಸೇನೆ ಮೇ 13ಕ್ಕೆ ರೇಡಿಯೊ ಶುರು ಮಾಡಿಯಾಗಿತ್ತು. ಮೇ 15ಕ್ಕೆ ಸೇನೆಯದೇ ಪತ್ರಿಕೆ ‘ಟೇಗ್ಲಿಷೆ ರುಂಡ್‌ಶೌ’ ಬಂತು. ಮೇ 21ಕ್ಕೆ ‘ಬರ್ಲಿನರ್ ತ್ಸೈಟುಂಗ್’ ಬಂತು. ಬರ್ಲಿನ್ ಮತ್ತೆ ಚಿಗುರುತ್ತಿದೆ ಎಂಬ ಅರ್ಥದ ತಲೆಬರಹ ಹೊತ್ತ ಆ ಮೊದಲ ಸಂಚಿಕೆಯನ್ನು ತಂದದ್ದು ಕೆಂಪು ಸೇನೆ. ಪಶ್ಚಿಮದವರ ಪತ್ರಿಕೆಗಳು ಆಮೇಲೆ ಒಂದೊಂದಾಗಿ ಬಂದವು. ‘ಟಾಗೆಸ್‌ಸ್ಪೀಗೆಲ್’ ಸೆಪ್ಟೆಂಬರ್ 27ಕ್ಕೆ, ಅಮೆರಿಕದ ಪರವಾನಗಿಯಲ್ಲಿ. ‘ಕುರಿಯರ್’ ನವೆಂಬರ್‌ನಲ್ಲಿ, ಫ್ರೆಂಚರ ಪರವಾನಗಿಯಲ್ಲಿ. ‘ಟೆಲಿಗ್ರಾಫ್’ 1946ರ ಮಾರ್ಚ್‌ನಲ್ಲಿ, ಬ್ರಿಟಿಷರ ಪರವಾನಗಿಯಲ್ಲಿ.

ಪರವಾನಗಿ ಎಂಬ ಪದಕ್ಕೆ ಕೆಳಗೆ ಗೆರೆ ಎಳೆಯಿರಿ. ಇಲ್ಲಿ ಎರಡು ಜಾತಿಯ ಪತ್ರಿಕೆ ಇವೆ. ಒಂದು, ಸೇನೆ ತಾನೇ ನಡೆಸಿದ್ದು. ಅದು ಹೆಸರಿನ ಕೆಳಗೇ ಸತ್ಯ ಹೇಳಿಬಿಡುತ್ತದೆ. ಮ್ಯೂನಿಕ್‌ನಿಂದ ಬರುತ್ತಿದ್ದ ‘ನೋಯೆ ತ್ಸೈಟುಂಗ್’ ತನ್ನನ್ನು ‘ಜರ್ಮನ್ ಜನತೆಗಾಗಿ ಒಂದು ಅಮೆರಿಕನ್ ಪತ್ರಿಕೆ’ ಎಂದೇ ಕರೆದುಕೊಂಡಿತ್ತು. ಇನ್ನೊಂದು, ಜರ್ಮನ್ನರ ಹೆಸರಿನಲ್ಲಿ ಬಂದದ್ದು. ಸಂಪಾದಕ ಜರ್ಮನ್, ಬರೆಯುವವರು ಜರ್ಮನ್. ಆದರೆ ಪರವಾನಗಿ ಕೊಟ್ಟವರು, ಬೇಕಾದರೆ ಕಸಿಯಬಲ್ಲವರು, ಕಾಗದ ಹಂಚುವವರು ಸೇನೆಯವರು. ಸೋವಿಯತ್ ಕಡೆ ಅಚ್ಚಿಗೆ ಮುಂಚೆಯೇ ಪುಟ ನೋಡುತ್ತಿದ್ದರು. ಅಮೆರಿಕನ್ನರು ಪರವಾನಗಿ ಕೊಟ್ಟ ಪತ್ರಿಕೆಗಳನ್ನು ಅಚ್ಚಾದ ಮೇಲೆ ಓದಿ ಕರೆದು ಕೇಳುತ್ತಿದ್ದರು. ಎರಡನೆಯದು ಹಗುರ ಅನಿಸುತ್ತದೆ, ಅಲ್ವಾ? ಪರವಾನಗಿ ಹೋದೀತು ಎಂಬ ಭಯದಲ್ಲಿ ಸಂಪಾದಕ ತಾನೇ ಕತ್ತರಿ ಹಿಡಿಯುತ್ತಾನೆ. ಹಾಗೆ ಕತ್ತರಿಸಿದ್ದಕ್ಕೆ ದಾಖಲೆಯೂ ಉಳಿಯುವುದಿಲ್ಲ. ಓದುವವರಿಗೆ ಅದೇ ಕಷ್ಟ.

ಇಲ್ಲೇ ಒಂದು ಎಚ್ಚರಿಕೆ. ಬರ್ಲಿನ್‌ನ ಸರ್ಕಾರಿ ಗ್ರಂಥಾಲಯ ‘ಸ್ಟಾಟ್ಸ್‌ಬಿಬ್ಲಿಯೊಟೆಕ್’ ತನ್ನ ಜೆಫಿಸ್ ಜಾಲತಾಣದಲ್ಲಿ ‘ಬರ್ಲಿನರ್ ತ್ಸೈಟುಂಗ್’, ‘ನೋಯೆ ತ್ಸೈಟ್’, ‘ನೋಯೆಸ್ ಡಾಯ್ಚ್‌ಲಾಂಡ್’ ಮೂರನ್ನೂ ಸ್ಕ್ಯಾನ್ ಮಾಡಿ ಇಟ್ಟಿದೆ. ದೊಡ್ಡ ಉಪಕಾರ. ಆದರೆ ಮೂರೂ ಸೋವಿಯತ್ ವಲಯದವು. ಸುಲಭಕ್ಕೆ ಸಿಕ್ಕಿದ್ದನ್ನಷ್ಟೇ ಓದಿದರೆ ನಿಮ್ಮ ನೋಟ್‌ಬುಕ್‌ನ ಒಂದೇ ಕಾಲಂ ತುಂಬುತ್ತದೆ. ಪಶ್ಚಿಮದವಕ್ಕೆ ಮೈಕ್ರೋಫಿಲ್ಮ್ ಹುಡುಕಿಕೊಂಡು ಹೋಗಬೇಕಾಗುತ್ತದೆ. ಸೋಮಾರಿತನ ಮಾಡದೆ ಹೋಗಿ.

ಸುದ್ದಿಗಿಂತ ಮೊದಲು ತಾರೀಖು

ಮುಖಪುಟದಿಂದ ಓದಲು ಶುರು ಮಾಡಬೇಡಿ. ಮೊದಲು ಆ ತಿಂಗಳು ಊರಿನಲ್ಲಿ ಏನೇನು ನಡೆಯಿತು ಎಂದು ಬೇರೆ ಕಡೆಯಿಂದ ತಿಳಿದು ಒಂದು ಪಟ್ಟಿ ಮಾಡಿಕೊಳ್ಳಿ. ಆಮೇಲೆ ಪ್ರತಿ ಪತ್ರಿಕೆಯಲ್ಲೂ ಅದು ಯಾವ ದಿನ ಬಂತು, ಯಾವ ಪುಟದಲ್ಲಿ ಬಂತು, ಎಷ್ಟು ಸಾಲು ಎಂದು ಮೂರೇ ಅಂಕಿ ಬರೆಯಿರಿ. ಏನು ಬರೆದಿದ್ದಾರೆ ಎಂಬುದು ಆಮೇಲಿನ ಮಾತು.

ಅಭ್ಯಾಸಕ್ಕೆ 1946ರ ಮಾರ್ಚ್ 31 ಒಳ್ಳೆಯ ದಿನ. ಸೋಷಿಯಲ್ ಡೆಮಾಕ್ರಾಟ್ ಪಕ್ಷವನ್ನು ಕಮ್ಯುನಿಸ್ಟ್ ಪಕ್ಷದ ಜೊತೆ ಕೂಡಲೇ ಸೇರಿಸಬೇಕೇ ಎಂದು ಆ ಭಾನುವಾರ ಪಕ್ಷದ ಸದಸ್ಯರ ಮತ ಕೇಳಲಾಯಿತು. ಊರಿನ ಪಶ್ಚಿಮದ ಮೂರು ವಲಯಗಳಲ್ಲಿ ಮತ ಹಾಕಿದವರಲ್ಲಿ ಶೇಕಡಾ 82ರಷ್ಟು ಜನ ಬೇಡ ಎಂದರು. ಸೋವಿಯತ್ ವಲಯದಲ್ಲಿ ಮತದಾನವನ್ನೇ ತಡೆದರು. ಮೂರು ವಾರದಲ್ಲಿ ಅಲ್ಲಿ ಎರಡೂ ಪಕ್ಷ ಸೇರಿ ಎಸ್‌ಇಡಿ ಎಂಬ ಒಂದೇ ಪಕ್ಷ ಆಗಿಬಿಟ್ಟವು. ಏಪ್ರಿಲ್ 23ಕ್ಕೆ ಇಬ್ಬರ ಪತ್ರಿಕೆಗಳೂ ಸೇರಿ ‘ನೋಯೆಸ್ ಡಾಯ್ಚ್‌ಲಾಂಡ್’ ಆಯಿತು. ಆ ಮೂರು ವಾರದ ಸಂಚಿಕೆಗಳನ್ನು ಎದುರುಬದುರು ಇಟ್ಟು 82 ಎಂಬ ಅಂಕಿ ಎಲ್ಲಿದೆ ಎಂದು ಹುಡುಕಿ. ಪದ ಓದಲು ಬರದಿದ್ದರೂ ಅಂಕಿ ಹುಡುಕಲು ಬರುತ್ತದೆ.

ಹೆಸರುಗಳನ್ನೂ ಹೀಗೇ ಹಿಂಬಾಲಿಸಿ. ‘ನೋಯೆ ತ್ಸೈಟ್’ ಕ್ರಿಶ್ಚಿಯನ್ ಡೆಮಾಕ್ರಾಟ್ ಪಕ್ಷದ್ದು, ಕಮ್ಯುನಿಸ್ಟರದಲ್ಲ. ಆದರೂ ಆ ಪಕ್ಷದ ನಾಯಕ ಆಂಡ್ರಿಯಾಸ್ ಹೆರ್ಮೆಸ್‌ರನ್ನು 1945ರ ಡಿಸೆಂಬರ್‌ನಲ್ಲಿ ಸೋವಿಯತ್ ಅಧಿಕಾರಿಗಳು ಹುದ್ದೆಯಿಂದ ಇಳಿಸಿದರು. ಅವರ ಜಾಗಕ್ಕೆ ಬಂದ ಯಾಕೋಬ್ ಕೈಸರ್‌ರನ್ನೂ 1947ರ ಡಿಸೆಂಬರ್‌ನಲ್ಲಿ ಇಳಿಸಿದರು. ಆ ತಿಂಗಳಿಗೆ ಮುಂಚೆ ಆ ಹೆಸರು ಎಷ್ಟು ಸಲ ಬರುತ್ತಿತ್ತು, ಆಮೇಲೆ ಎಷ್ಟು ಸಲ ಬಂತು ಎಂದು ಎಣಿಸಿ. ಎಣಿಕೆಯೇ ಸಾಕು.

ಪದಗಳು, ಏಜೆನ್ಸಿಗಳು

ಸುದ್ದಿಯ ಶುರುವಿನಲ್ಲಿ ಏಜೆನ್ಸಿ ಹೆಸರು ಇರುತ್ತದೆ. ಟಾಸ್ ಅಂದರೆ ಮಾಸ್ಕೊ. 1946ರ ಅಕ್ಟೋಬರ್‌ನಿಂದ ಎಡಿಎನ್ ಅಂದರೆ ಸೋವಿಯತ್ ವಲಯದ ಏಜೆನ್ಸಿ. ಡಾನಾ, ಆಮೇಲೆ ಡೇನಾ ಅಂದರೆ ಅಮೆರಿಕದ ವಲಯ. ಒಂದು ಪತ್ರಿಕೆ ತನ್ನದಲ್ಲದ ಕಡೆಯ ಏಜೆನ್ಸಿಯ ಸುದ್ದಿ ಹಾಕಿದ ದಿನ ಅದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ.

ಪದದ ವಿಷಯದಲ್ಲಿ 1948ರ ಜೂನ್ ಒಂದು ಪಾಠಶಾಲೆ. ಜೂನ್ 24ಕ್ಕೆ ಪಶ್ಚಿಮ ಬರ್ಲಿನ್‌ಗೆ ಸೋವಿಯತ್ ವಲಯದ ಮೂಲಕ ಹೋಗುವ ರೈಲು, ರಸ್ತೆ, ಕಾಲುವೆಗಳು ನಿಂತವು. ಪಶ್ಚಿಮದವರು ದಿಗ್ಬಂಧನ ಎಂದರು. ಸೋವಿಯತ್ ಕಡೆಯವರು ತಾಂತ್ರಿಕ ತೊಂದರೆ ಎಂದರು. ಅದೇ ವಾರ ಎರಡು ಹೊಸ ಹಣ ಬಂತು. ಪೂರ್ವದಲ್ಲಿ ಹೊಸ ನೋಟು ಅಚ್ಚಾಗುವವರೆಗೆ ಹಳೇ ನೋಟಿನ ಮೇಲೆ ಚೀಟಿ ಅಂಟಿಸಿ ಕೊಟ್ಟರು. ಜನ ಅದನ್ನು ಗೋಡೆಕಾಗದದ ಮಾರ್ಕ್ ಎಂದು ಕರೆದರು. ಇಂಥ ಅಡ್ಡಹೆಸರು ಯಾವ ಪತ್ರಿಕೆಯಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಿ. ಜನರ ಬಾಯಿಯ ಪದ ಅಚ್ಚಿಗೆ ಬಂದರೆ ಅದನ್ನು ಯಾರೋ ಬಿಟ್ಟಿದ್ದಾರೆ ಎಂದೇ ಅರ್ಥ.

ರೇಡಿಯೊ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಏಕೆಂದರೆ ಅದರ ಬಹುಪಾಲು ಗಾಳಿಗೆ ಹೋಯಿತು. ಆದರೆ ಒಂದು ನಕ್ಷೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಸೋವಿಯತ್ ರೇಡಿಯೊ ಕಟ್ಟಡ ಇದ್ದದ್ದು ಮಸೂರೆನಾಲೇ ರಸ್ತೆಯಲ್ಲಿ, ಅಂದರೆ ಬ್ರಿಟಿಷ್ ವಲಯದ ಒಳಗೆ. 1956ರವರೆಗೂ ಅದು ಸೋವಿಯತ್ ಕೈಯಲ್ಲೇ ಇತ್ತು. ಅಮೆರಿಕನ್ನರಿಗೆ ಮೊದಲು ಸ್ವಂತ ಪ್ರಸಾರ ಕೇಂದ್ರವೇ ಇರಲಿಲ್ಲ. 1946ರ ಫೆಬ್ರವರಿಯಲ್ಲಿ ಟೆಲಿಫೋನ್ ತಂತಿಯ ಮೂಲಕ ಪ್ರಸಾರ ಶುರು ಮಾಡಿದರು. ಸೆಪ್ಟೆಂಬರ್‌ನಲ್ಲಿ ಅದು ರಿಯಾಸ್ ಎಂಬ ರೇಡಿಯೊ ಕೇಂದ್ರ ಆಯಿತು. ದಿಗ್ಬಂಧನದಲ್ಲಿ ಕರೆಂಟ್ ಹೋದಾಗ ರಿಯಾಸ್‌ನವರು ವ್ಯಾನಿಗೆ ಲೌಡ್‌ಸ್ಪೀಕರ್ ಕಟ್ಟಿ ಬೀದಿಯಲ್ಲಿ ಸುದ್ದಿ ಓದಿದರು.

ಐದನೇ ಕಾಲಂ

ನಾನು ಮಾಡಿದ ತಪ್ಪು ಹೇಳುತ್ತೇನೆ. ನೀವು ಮಾಡಬಾರದು ಎಂದೇ ಹೇಳುತ್ತಿದ್ದೇನೆ. ಮೊದಲ ಎರಡು ವರ್ಷ ನನ್ನ ನೋಟ್‌ಬುಕ್‌ನಲ್ಲಿ ನಾಲ್ಕೇ ಕಾಲಂ ಇದ್ದವು. ಒಬ್ಬರು ಮುಚ್ಚಿಟ್ಟದ್ದನ್ನು ಇನ್ನೊಬ್ಬರು ಹೇಳುತ್ತಾರೆ, ನಾಲ್ಕನ್ನೂ ಕೂಡಿಸಿದರೆ ಊರಿನ ಸತ್ಯ ಸಿಗುತ್ತದೆ ಎಂದು ನಂಬಿದ್ದೆ. 1947, 1948ರ ಮಟ್ಟಿಗೆ ಅದು ಸುಮಾರಾಗಿ ನಿಜ. 1947ರ ಅಕ್ಟೋಬರ್‌ನಲ್ಲಿ ಅಮೆರಿಕದ ಜನರಲ್ ಲೂಷಿಯಸ್ ಕ್ಲೇ ಕಮ್ಯುನಿಸಮ್ಮಿನ ವಿರುದ್ಧ ಬಹಿರಂಗ ಪ್ರಚಾರಕ್ಕೆ ಹೊರಟ ಮೇಲೆ ಎರಡೂ ಕಡೆ ಒಬ್ಬರ ಹುಳುಕು ಒಬ್ಬರು ಬಿಚ್ಚುತ್ತಲೇ ಇದ್ದರು.

ಆದರೆ 1945ರ ಬೇಸಿಗೆ ಓದುವಾಗ, ಅದೇ ದಿನಗಳಲ್ಲಿ ಬರ್ಲಿನ್‌ನ ಹೆಂಗಸರು ಬರೆದ ದಿನಚರಿಗಳನ್ನೂ ಜೊತೆಗೆ ಓದಲು ಶುರು ಮಾಡಿದೆ. ಸೈನಿಕರು ಮಾಡಿದ ಅತ್ಯಾಚಾರ ಪುಟಪುಟದಲ್ಲೂ ಇದೆ. ನೆಲಮಾಳಿಗೆಯಲ್ಲಿ ಅಡಗಿದ್ದು, ಅಕ್ಕಪಕ್ಕದವರು ಒಬ್ಬರನ್ನೊಬ್ಬರು ‘ಎಷ್ಟು ಸಲ’ ಎಂದು ಕೇಳಿಕೊಂಡದ್ದು. ಆ ತಿಂಗಳುಗಳಿಗೆ ನನ್ನ ಕಾಲಂಗಳನ್ನು ತಿರುಗಿ ನೋಡಿದೆ. ರಷ್ಯದ ಕಾಲಂ ಖಾಲಿ. ಅದು ನಿರೀಕ್ಷಿಸಿದ್ದೇ. ಪಶ್ಚಿಮದ ಪತ್ರಿಕೆಗಳು ಶುರುವಾದ ಮೇಲಿನ ಕಾಲಂಗಳೂ ಖಾಲಿ. ಆ ರಾತ್ರಿ ನಾನು ಮತ್ತೆ ಓದಲಿಲ್ಲ.

ಕಾರಣ ಹುಡುಕಿದರೆ ಅದು ನಿಯಮದಲ್ಲೇ ಇತ್ತು. ಮಿತ್ರರಾಷ್ಟ್ರಗಳು ಒಬ್ಬರ ಮೇಲೊಬ್ಬರು ಜರ್ಮನ್ನರಿಂದ ದೂರು ಹೇಳಿಸುವಂತಿರಲಿಲ್ಲ. 1946ರ ಅಕ್ಟೋಬರ್ 12ರ 40ನೇ ನಿರ್ದೇಶನದಲ್ಲಿ ನಾಲ್ಕೂ ಸೇನೆಗಳು ಸೇರಿ ಇದನ್ನು ಬರವಣಿಗೆಗೆ ಇಳಿಸಿದವು. ಜರ್ಮನ್ ಪತ್ರಿಕೆಗಳು ರಾಜಕೀಯ ಚರ್ಚಿಸಬಹುದು. ಆದರೆ ಮಿತ್ರರಾಷ್ಟ್ರಗಳ ಒಗ್ಗಟ್ಟು ಕೆಡಿಸುವ, ಯಾವುದೇ ಸೇನೆಯ ಬಗ್ಗೆ ಅಪನಂಬಿಕೆ ಹುಟ್ಟಿಸುವ ವದಂತಿ ಹರಡಬಾರದು. ಹೆಂಗಸರು ಅನುಭವಿಸಿದ್ದು ‘ವದಂತಿ’ ಎಂಬ ಪದದೊಳಗೆ ಸೇರಿಹೋಗಬಹುದಿತ್ತು. ಆಗ ಐದನೇ ಗೆರೆ ಎಳೆದೆ. ಅದರ ಮೇಲೆ ‘ನಾಲ್ವರೂ ಹೇಳದ್ದು’ ಎಂದು ಬರೆದೆ.

ಈ ಕಾಲಂ ತುಂಬುವುದು ನಿಧಾನದ ಕೆಲಸ. ನನಗೆ ಸಹಾಯ ಮಾಡಿದ್ದು ಮೂರು. ದಿನಚರಿಗಳು ಮೊದಲು. ಎರಡನೆಯದು, ಆ ಸೇನೆಗಳ ಸ್ವಂತ ದೇಶದ ಪತ್ರಿಕೆಗಳು. ಜರ್ಮನ್ನರಿಗೆ ಹೇಳದ್ದನ್ನು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಅಚ್ಚು ಹಾಕಿದ್ದಾರೆಯೇ ಎಂದು ಒಂದು ಸಲ ನೋಡಿಬಿಡಿ.

ಮೂರನೆಯದು ಕೊನೇ ಪುಟ. ಇದು ನನ್ನ ಪ್ರೀತಿಯ ಜಾಗ. ಅಲ್ಲಿ ಸಣ್ಣ ಜಾಹೀರಾತುಗಳಿವೆ. ಮಗನನ್ನು ಹುಡುಕುವವರು, ಶೂ ಕೊಟ್ಟು ಒಲೆ ಕೇಳುವವರು, ವಿಧವೆಯರು. ರೇಷನ್ ಪ್ರಕಟಣೆಗಳೂ ಅಲ್ಲೇ ಹತ್ತಿರದಲ್ಲಿ. 1945ರ ಮೇ 15ರಿಂದ ಐದು ದರ್ಜೆಯ ಕಾರ್ಡ್ ಇತ್ತು. ಕಷ್ಟದ ದುಡಿಮೆ ಮಾಡುವವರಿಗೆ ದಿನಕ್ಕೆ 600 ಗ್ರಾಂ ಬ್ರೆಡ್, ಐದನೇ ದರ್ಜೆಗೆ 300. ಮನೆಯಲ್ಲಿರುವ ಹೆಂಗಸರು ಬರುತ್ತಿದ್ದದ್ದು ಆ ಐದನೇ ದರ್ಜೆಯಲ್ಲಿ. ಜನ ಅದನ್ನು ಸ್ಮಶಾನದ ಕಾರ್ಡ್ ಎಂದರು. ಮುಖಪುಟ ಏನೇ ಹೇಳಲಿ, ಯಾವ ವಾರ ಯಾವ ಕೂಪನ್ನಿಗೆ ಏನು ಸಿಗುತ್ತದೆ ಎಂಬುದನ್ನು ಸುಮ್ನೆ ಬರೆಯಲು ಆಗುವುದಿಲ್ಲ. ಮಾರನೇ ದಿನ ಜನ ಸಾಲಿನಲ್ಲಿ ನಿಲ್ಲುತ್ತಾರೆ.

ಶುರು ಮಾಡಲು ಒಂದು ವಾರ

1946ರ ಅಕ್ಟೋಬರ್ 20ರ ವಾರದಿಂದ ಶುರು ಮಾಡಿ. ಭಾನುವಾರ ಊರಿನ ಚುನಾವಣೆ. ಸೋಷಿಯಲ್ ಡೆಮಾಕ್ರಾಟರಿಗೆ ಶೇಕಡಾ 48.7, ಸೋವಿಯತ್ ಬೆಂಬಲದ ಎಸ್‌ಇಡಿಗೆ 19.8. ಮಂಗಳವಾರ, 22ರ ಬೆಳಗಿನ ಜಾವ, ಸೋವಿಯತ್ ವಲಯದಲ್ಲಿ 2,000ಕ್ಕೂ ಹೆಚ್ಚು ತಂತ್ರಜ್ಞರ ಮನೆ ಬಾಗಿಲು ತಟ್ಟಿ, ಕುಟುಂಬ ಸಮೇತ ರೈಲು ಹತ್ತಿಸಿ ಸೋವಿಯತ್ ಒಕ್ಕೂಟಕ್ಕೆ ಕರೆದೊಯ್ದರು. ಇಷ್ಟಪಟ್ಟು, ಕರಾರು ಮಾಡಿಕೊಂಡು ಹೋದರು ಎಂಬುದು ಸೋವಿಯತ್ ಕಡೆಯ ಮಾತು. ಪಶ್ಚಿಮದ ಪತ್ರಿಕೆ ಓದುವಾಗ ಇನ್ನೊಂದು ಪ್ರಶ್ನೆ ಕೇಳಿ: ಅಮೆರಿಕವೂ 1945ರಿಂದ ಜರ್ಮನ್ ವಿಜ್ಞಾನಿಗಳನ್ನು ಕರೆದೊಯ್ಯುತ್ತಿತ್ತು, ಆ ಮಾತು ಈ ಪುಟದಲ್ಲಿ ಇದೆಯೇ?

ಆ ತಾರೀಖಿನ ಕೆಳಗೆ ಅರ್ಧ ಪುಟ ಖಾಲಿ ಬಿಡಿ. ರೈಲು ಹತ್ತಿದವರಲ್ಲಿ ಬಹುಪಾಲು ಜನ ಮನೆಗೆ ಮರಳಿದ್ದು 1950ರ ದಶಕದಲ್ಲಿ. ಅವರು ಬಂದು ಹೇಳಿದ್ದನ್ನೂ ಇದೇ ಪುಟದಲ್ಲಿ ಬರೆಯಬೇಕಾಗುತ್ತದೆ.