ಚಿಪ್ ಡಿಸೈನ್ ತಂಡಕ್ಕೆ ಲಿಸ್ಪ್ ಬಲ್ಲವರನ್ನು ಹುಡುಕುವುದು, ಪರೀಕ್ಷಿಸುವುದು

ಬೆಂಗಳೂರಿನಲ್ಲಿ ‘ಲಿಸ್ಪ್ ಪ್ರೋಗ್ರಾಮರ್ ಬೇಕಾಗಿದ್ದಾರೆ’ ಎಂದು ಜಾಹೀರಾತು ಕೊಟ್ಟರೆ ಅರ್ಜಿ ಬರುವುದು ಬೆರಳೆಣಿಕೆಯಷ್ಟು. ಬಲ್ಲವರು ಇಲ್ಲವೆಂದಲ್ಲ, ಅವರು ತಮ್ಮನ್ನು ಲಿಸ್ಪ್‌ನವರು ಎಂದುಕೊಂಡೇ ಇರುವುದಿಲ್ಲ. ಚಿಪ್ ವಿನ್ಯಾಸಕ್ಕೆ ಬಳಸುವ, ಕೇಡೆನ್ಸ್ ಕಂಪನಿಯ ವರ್ಚುಯೊಸೊ ಸಾಫ್ಟ್‌ವೇರ್ ಒಳಗಿರುವ ಸ್ಕಿಲ್ ಭಾಷೆ ಲಿಸ್ಪ್‌ನದೇ ಕುಡಿ. ಅದನ್ನು ದಿನವೂ ಬರೆಯುವವರ ಹುದ್ದೆಯ ಹೆಸರು ಕ್ಯಾಡ್ ಎಂಜಿನಿಯರ್ ಇಲ್ಲವೇ ಪಿಡಿಕೆ ಎಂಜಿನಿಯರ್ (ಪಿಡಿಕೆ ಎಂದರೆ ಚಿಪ್ ತಯಾರಿಸುವ ಫೌಂಡ್ರಿ ಕೊಡುವ ವಿನ್ಯಾಸದ ಫೈಲುಗಳ ಕಟ್ಟು). ಜಾಹೀರಾತಿನಲ್ಲೂ ಹಾಗೆಯೇ ಬರೆಯಿರಿ. ರೆಸ್ಯೂಮೆ ಹುಡುಕುವಾಗ ‘ಸ್ಕಿಲ್’ ಎಂದಷ್ಟೇ ಹಾಕಿದರೆ ಊರಿನ ರೆಸ್ಯೂಮೆಗಳೆಲ್ಲ ಬಂದು ಬೀಳುತ್ತವೆ. ‘ಸ್ಕಿಲ್ಸ್’ ಎಂಬ ತಲೆಬರಹ ಯಾರದರಲ್ಲಿಲ್ಲ? ಜೊತೆಗೆ ಪಿಸೆಲ್ (ಕೊಟ್ಟ ಅಳತೆಗೆ ತಕ್ಕಂತೆ ತಾನೇ ಆಕಾರ ಬರೆದುಕೊಳ್ಳುವ ಚಿಪ್ ನಕ್ಷೆಯ ತುಣುಕು), ಪಿಡಿಕೆ, ಸಿಡಿಎಫ್ (ಆ ಅಳತೆಗಳ ವಿವರಣೆ) ಸೇರಿಸಿ.

ಇನ್ನೊಂದು ಮೂಲ, ಲೇಔಟ್ (ಚಿಪ್‌ನ ಪದರಗಳ ನಕ್ಷೆ) ಮಾಡುತ್ತಲೇ ತಮ್ಮ ಬೇಸರದ ಕೆಲಸಕ್ಕೆ ಸ್ಕ್ರಿಪ್ಟ್ ಬರೆದುಕೊಂಡವರು. ಸ್ಕೀಮ್, ಕ್ಲೋಜರ್ ಅಥವಾ ಈಮ್ಯಾಕ್ಸ್ ಲಿಸ್ಪ್ ಬಲ್ಲವರಿಗೆ ಸ್ಕಿಲ್ ಬೇಗ ಹತ್ತುತ್ತದೆ, ಆದರೆ ಮೆಟಲ್, ವಯಾ (ಮೆಟಲ್ ಪದರಗಳನ್ನು ಜೋಡಿಸುವ ಕೊಂಡಿ), ಡಿಆರ್‌ಸಿ (ನಕ್ಷೆ ಫೌಂಡ್ರಿಯ ನಿಯಮಕ್ಕೆ ಹೊಂದುತ್ತದೆಯೇ ಎಂಬ ತಪಾಸಣೆ) ಕಲಿಯಲು ಹೊತ್ತು ಹಿಡಿಯುತ್ತದೆ. ಇಬ್ಬರಲ್ಲಿ ಒಬ್ಬರನ್ನೇ ಆರಿಸಬೇಕಾದರೆ ಲೇಔಟ್ ಕಡೆಯಿಂದ ಬಂದವರೇ ವಾಸಿ.

ಪರೀಕ್ಷೆಯನ್ನು ನಿಮ್ಮ ಆಫೀಸಿನ ಯಂತ್ರದಲ್ಲೇ ಇಡಿ. ವರ್ಚುಯೊಸೊ ಲೈಸೆನ್ಸ್ ಮನೆಯಲ್ಲಿ ಯಾರಿಗೂ ಇರುವುದಿಲ್ಲ, ಫೌಂಡ್ರಿಯ ಪಿಡಿಕೆ ಹೊರಗಿನವರಿಗೆ ತೋರಿಸುವಂಥದ್ದಲ್ಲ. ಒಂದು ಸಾದಾ ಫೈಲ್ ಸಾಕು: 10,000 ಆಯತಗಳ ಎಡ-ಕೆಳ, ಬಲ-ಮೇಲಿನ ಮೂಲೆಗಳು, ಮೈಕ್ರಾನ್‌ನಲ್ಲಿ. ಒಂದರ ಮೇಲೊಂದು ಬಿದ್ದಿರುವ ಜೋಡಿಗಳನ್ನು ಪಟ್ಟಿ ಮಾಡಬೇಕು. ಸಮಯ 2 ಗಂಟೆ.

ಅಂಚಿಗೆ ಅಂಚು ತಾಗಿದರೆ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಬೇಕೆಂದೇ ಹೇಳಬೇಡಿ. ಒಳ್ಳೆಯವರು ಮೊದಲು ಕೇಳುವುದೇ ಅದನ್ನು. ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸಿದರೆ ಸುಮಾರು 5 ಕೋಟಿ ಹೋಲಿಕೆ; ಎಡ ಅಂಚಿನ ಪ್ರಕಾರ ಸಾರ್ಟ್ ಮಾಡಿ, ಮುಂದಿನದರ ಎಡ ಅಂಚು ಇದರ ಬಲ ಅಂಚನ್ನು ದಾಟಿದ ಕೂಡಲೇ ನಿಲ್ಲಿಸಿದರೆ ಅದರ ಅಲ್ಪ ಭಾಗ ಸಾಕು. ಉತ್ತರಗಳನ್ನು ಕೂಡಿಸುವ ಬಗೆಯನ್ನೂ ನೋಡಿ. ಲೂಪ್‌ನೊಳಗೆ ಅಪೆಂಡ್ ಬಳಸಿದರೆ ಪ್ರತಿ ಸಲವೂ ಹಳೆಯ ಪಟ್ಟಿ ಪೂರ್ತಿ ನಕಲಾಗುತ್ತದೆ: 1 ಲಕ್ಷ ಜೋಡಿಗೆ ಸುಮಾರು 500 ಕೋಟಿ ನಕಲು. ಕಾನ್ಸ್ ಮಾಡಿ (ಪಟ್ಟಿಯ ತಲೆಗೆ ಸೇರಿಸಿ) ಕೊನೆಗೆ ರಿವರ್ಸ್ ಮಾಡಬೇಕು, ಇಲ್ಲವೇ ಬಾಲಕ್ಕೆ ನೇರವಾಗಿ ಸೇರಿಸುವ ಟಿಕಾಂಕ್ ಬಳಸಿ ಕೊನೆಗೆ ಅದರ ಕಾರ್ (ಮೊದಲ ಭಾಗ) ತೆಗೆದುಕೊಳ್ಳಬೇಕು.

ಫೈಲಿನಲ್ಲಿ ಒಂದು ಜೋಡಿಯನ್ನು ಹೀಗೆ ಬಚ್ಚಿಡಿ: ಎಡ ಅಂಚು 0.1, ಅಗಲ 0.2 ಎಂದು ಕೂಡಿಸಿ ಬಂದ ಬಲ ಅಂಚು, ಅದಕ್ಕೆ ತಾಗಿ 0.3ರಿಂದ ಶುರುವಾಗುವ ಇನ್ನೊಂದು ಆಯತ. ಕಂಪ್ಯೂಟರಿನ ಬೈನರಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ಆ ಮೊತ್ತ 0.3ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಹಾಗಾಗಿ ಬರೀ ತಾಗಿರುವ ಜೋಡಿ ‘ಮೇಲೆ ಬಿದ್ದಿದೆ’ ಎಂದು ಬರುತ್ತದೆ. ಎಲ್ಲವನ್ನೂ 0.005 ಮೈಕ್ರಾನ್‌ನ ಗ್ರಿಡ್‌ನಿಂದ (ಅಂಚುಗಳು ಕೂರಬೇಕಾದ ಚೌಕಳಿಯ ಅಳತೆಯಿಂದ) ಭಾಗಿಸಿ ಪೂರ್ಣಾಂಕಕ್ಕೆ ತಂದುಕೊಂಡವರು ಡಿಆರ್‌ಸಿ ತಪ್ಪುಗಳ ಜೊತೆ ಒದ್ದಾಡಿದವರೇ.

ಇನ್ನು ಅವರು ಬರೆದ ಕೋಡ್ ಫೈಲನ್ನು ಮತ್ತೆ ಲೋಡ್ ಮಾಡದೆ ಅದೇ ಫಂಕ್ಷನ್ನನ್ನು ಎರಡು ಸಲ ಓಡಿಸಿ. ಲೆಟ್‌ನೊಳಗೆ (ಆ ಫಂಕ್ಷನ್ನಿಗಷ್ಟೇ ಸೇರಿದ್ದು ಎಂದು) ಘೋಷಿಸದ ವೇರಿಯಬಲ್ ಸ್ಕಿಲ್‌ನಲ್ಲಿ ಗ್ಲೋಬಲ್ ಆಗಿಬಿಡುತ್ತದೆ. ಪಟ್ಟಿಯನ್ನು ಫಂಕ್ಷನ್ನಿನ ಹೊರಗೆ ನಿಲ್ (ಖಾಲಿ) ಮಾಡಿದ್ದರೆ ಮೊದಲ ಸಲ ಉತ್ತರ ಸರಿ, ಎರಡನೇ ಸಲ ದುಪ್ಪಟ್ಟು.

ಮಾತಿನ ಸುತ್ತಿಗೆ ಒಂದೇ ಪ್ರಶ್ನೆ ಸಾಕು: ಪಿಸೆಲ್ ಲೇಔಟ್ ಕಿಟಕಿಯಲ್ಲಿ ಸರಿಯಾಗಿದೆ, ಸ್ಟ್ರೀಮ್ ಔಟ್ ಮಾಡಿದಾಗ (ಫೌಂಡ್ರಿಗೆ ಕಳಿಸುವ ಫೈಲಾಗಿ ಹೊರತೆಗೆದಾಗ) ಮುರಿಯುತ್ತದೆ, ಏಕೆ? ಅದು ಕರೆಯುವ ಸಹಾಯಕ ಫಂಕ್ಷನ್ ಯಾರದೋ ಸಿಡಿಎಸ್‌ಇನಿಟ್ (ವರ್ಚುಯೊಸೊ ತೆರೆದಾಗ ಓಡುವ) ಫೈಲಿನಲ್ಲಿ ಕೂತಿದೆಯೇ ನೋಡುತ್ತೇನೆ, ಹಾಗಿದ್ದರೆ ಲೈಬ್ರರಿಯ ಲಿಬ್‌ಇನಿಟ್‌ಗೆ (ಆ ಲೈಬ್ರರಿ ತೆರೆದಾಗಲೆಲ್ಲ ಓಡುವ ಫೈಲಿಗೆ) ಸಾಗಿಸುತ್ತೇನೆ ಎಂದರೆ ಅನುಭವಸ್ಥರು.

ಆಫರ್ ಕೊಟ್ಟ ಮೇಲೂ ನೋಟಿಸ್ ಅವಧಿ 60ರಿಂದ 90 ದಿನ ಇರುವುದು ಇಲ್ಲಿ ಸಾಮಾನ್ಯ. ಟೇಪ್ ಔಟ್ (ಮುಗಿದ ವಿನ್ಯಾಸವನ್ನು ಫೌಂಡ್ರಿಗೆ ಕಳಿಸುವ) ದಿನಾಂಕದಿಂದ ಹಿಂದಕ್ಕೆ ಎಣಿಸಿ ಹುಡುಕಾಟ ಶುರುಮಾಡಿ. ಹಳೆಯ ಕಂಪನಿಯ ಐಎಲ್ ಫೈಲುಗಳನ್ನು (ಸ್ಕಿಲ್ ಕೋಡ್) ತರಕೂಡದು ಎಂಬುದನ್ನು ಆಫರ್ ಪತ್ರದಲ್ಲೇ ಬರೆದುಬಿಡಿ.