ಗೋಳಗುಮ್ಮಟದಲ್ಲಿ ಕೂಗಬೇಡಿ: ವಿಜಯಪುರವನ್ನು ಒಂದು ದಿನದಲ್ಲಿ ನೋಡುವ ಕ್ರಮ

ಊರಿಗೆ ಬರುವ ನೆಂಟರಿಷ್ಟರನ್ನು ಗೋಳಗುಮ್ಮಟಕ್ಕೆ ಕರೆದೊಯ್ಯುವ ಕೆಲಸ ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹೋದಾಗಲೆಲ್ಲ ಒಂದೇ ದೃಶ್ಯ ಕಣ್ಣಿಗೆ ಬೀಳುತ್ತದೆ. ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದವರು ಒಳಗಿನ ಗ್ಯಾಲರಿಗೆ ಕಾಲಿಟ್ಟ ಕೂಡಲೇ ಬಾಯಿಗೆ ಎರಡೂ ಅಂಗೈ ಹಿಡಿದು ‘ಹೋ’ ಎಂದು ಕೂಗುತ್ತಾರೆ, ಸಿಳ್ಳೆ ಹಾಕುತ್ತಾರೆ, ಎದ್ದ ಗದ್ದಲಕ್ಕೆ ನಕ್ಕು, ಫೋಟೊ ಹೊಡೆದುಕೊಂಡು ಐದು ನಿಮಿಷದಲ್ಲಿ ಇಳಿದು ಹೋಗುತ್ತಾರೆ. ಮುನ್ನೂರೈವತ್ತು ವರ್ಷಗಳಿಗೂ ಮೀರಿ ಆ ಗೋಡೆ ಪಿಸುಮಾತನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊತ್ತು ತಲುಪಿಸುತ್ತಿದೆ. ಆದರೆ ಅಷ್ಟು ದೂರದಿಂದ ಬಂದವರು ಅದನ್ನು ಕೇಳದೆಯೇ ಹಿಂದಿರುಗುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಈ ಲೇಖನ ಬರೆಯಲು ಅದೇ ಕಾರಣ. ಊರಿನ ಉಳಿದ ಸ್ಥಳಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನೂ ಹೇಳುತ್ತೇನೆ, ಆದರೆ ಹೆಚ್ಚಿನ ಮಾತು ಗ್ಯಾಲರಿಯದ್ದೇ ಆಗಿರುತ್ತದೆ.

ಮೊದಲು ದಿನವನ್ನು ಆರಿಸಿಕೊಳ್ಳಿ

ಶುಕ್ರವಾರ ಬೇಡ. ಆ ದಿನ ಗುಮ್ಮಟದ ಮುಂದಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ರಜೆ, ಮಧ್ಯಾಹ್ನ ಜುಮ್ಮಾ ಮಸೀದಿಯಲ್ಲಿ ಸಾಮೂಹಿಕ ನಮಾಜು. ಭಾನುವಾರವೂ ಬೇಡ, ಡಿಸೆಂಬರ್ ತಿಂಗಳಿನಲ್ಲಂತೂ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ಯಾವುದಾದರೂ ಮಂಗಳವಾರ ಅಥವಾ ಬುಧವಾರ ಬಂದರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಿನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹನ್ನೊಂದು ಗಂಟೆಗೇ ಕಲ್ಲುಹಾಸು ಅಂಗಾಲು ಸುಡುತ್ತದೆ. ಯಾವ ಕಾಲದಲ್ಲಿ ಬಂದರೂ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ, ಕಳಚಲು ಸುಲಭವಾದ ಚಪ್ಪಲಿ ಹಾಕಿಕೊಳ್ಳಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ನಿಲ್ದಾಣದಲ್ಲಿ ಇಳಿಯುತ್ತಲೇ ‘ಮೂರು ತಾಸಿನಲ್ಲಿ ಹತ್ತು ಪಾಯಿಂಟು’ ತೋರಿಸುವುದಾಗಿ ಹೇಳಿ ಆಟೊದವರು ಮುತ್ತಿಕೊಳ್ಳಬಹುದು. ಬಾಡಿಗೆ ಕಡಿಮೆ ಎಂದು ಒಪ್ಪಿಕೊಳ್ಳಬೇಡಿ. ಆ ಲೆಕ್ಕದಲ್ಲಿ ಗೋಳಗುಮ್ಮಟಕ್ಕೆ ನಲವತ್ತು ನಿಮಿಷ ಸಿಗುತ್ತದೆ, ಅದು ಹತ್ತಿ ಇಳಿಯುವುದಕ್ಕೇ ಸಾಲದು. ದಿನಕ್ಕೆ ಐದು ಸ್ಥಳ ಸಾಕು, ಆರನೆಯದಕ್ಕೆ ಇನ್ನೊಮ್ಮೆ ಬನ್ನಿ.

ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ

ಬೆಳಗಿನ ಮೊದಲ ಒಂದು ಗಂಟೆಯನ್ನು ಕಳೆದುಕೊಂಡರೆ ಇಡೀ ದಿನದಲ್ಲಿ ಅದಕ್ಕೆ ಬದಲಿ ಸಿಗುವುದಿಲ್ಲ. ತಿಂಡಿ ಆಮೇಲೆ ಮಾಡಿದರಾಯಿತು. ಒಳಗೆ ಹೋದ ಕೂಡಲೇ ನೆಲಮಟ್ಟದಲ್ಲಿರುವ ಗೋರಿಗಳ ಕಡೆಗೆ ತಿರುಗದೆ ನೇರವಾಗಿ ಮೇಲಕ್ಕೆ ಹತ್ತಿ. ಕೆಳಗಿನದನ್ನು ಜನಸಂದಣಿಯಲ್ಲೂ ನೋಡಬಹುದು, ಮೇಲಿನದು ಹಾಗಲ್ಲ.

ಕಟ್ಟಡದ ನಾಲ್ಕು ಮೂಲೆಗಳಲ್ಲಿ ಎಂಟು ಮುಖದ, ಏಳು ಅಂತಸ್ತಿನ ಗೋಪುರಗಳಿವೆ. ಮೆಟ್ಟಿಲು ಇರುವುದು ಅವುಗಳ ಒಳಗೆ. ದಾರಿ ಇಕ್ಕಟ್ಟಾಗಿದೆ, ಮೆಟ್ಟಿಲುಗಳು ಎತ್ತರವಾಗಿವೆ, ಕೆಲವು ಸವೆದು ಜಾರುತ್ತವೆ. ಪ್ರತಿ ಅಂತಸ್ತಿನ ಕಮಾನು ಕಿಟಕಿಯ ಬಳಿ ಅರ್ಧ ನಿಮಿಷ ನಿಂತು ಉಸಿರು ತೆಗೆದುಕೊಳ್ಳಿ, ಇಳಿಯುವವರು ಬಂದರೆ ಅಲ್ಲಿಯೇ ಅವರಿಗೆ ದಾರಿ ಬಿಡಿ. ಮೊಣಕಾಲು ನೋವಿರುವ ಹಿರಿಯರನ್ನು ಹುರಿದುಂಬಿಸಿ ಹತ್ತಿಸಬಾರದು. ಹತ್ತುವುದಕ್ಕಿಂತ ಇಳಿಯುವುದೇ ಅವರಿಗೆ ಕಷ್ಟವಾಗುತ್ತದೆ.

ಗೋಪುರದಿಂದ ಮೇಲ್ಛಾವಣಿಗೆ ಬಂದ ಮೇಲೆ ಗುಮ್ಮಟದ ಬಾಗಿಲಿಗೆ ಧಾವಿಸದೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿ. ಗೋಳಗುಮ್ಮಟ ಊರಿನ ಮೂಡಣ ಅಂಚಿನಲ್ಲಿರುವುದರಿಂದ ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಇಡೀ ಊರು ಬೆಳಕಿನಲ್ಲಿ ಎದುರಿಗೆ ಹರಡಿಕೊಂಡಿರುತ್ತದೆ. ಜುಮ್ಮಾ ಮಸೀದಿಯ ಗುಮ್ಮಟ, ಕಟ್ಟುವುದು ಅರ್ಧಕ್ಕೆ ನಿಂತ ಗೋರಿ ಬಾರಾ ಕಮಾನು, ದೂರದಲ್ಲಿ ಕಾವಲು ಗೋಪುರವಾದ ಉಪ್ಪಲಿ ಬುರುಜು, ಇವನ್ನು ಒಂದೊಂದಾಗಿ ಗುರುತಿಸಿಕೊಳ್ಳಿ. ಈ ದಿನ ನೀವು ನಡೆಯಬೇಕಾದ ದಾರಿ ಅದೇ. ಹೊರಗೆ ಮಾರುವ ಪ್ಲಾಸ್ಟಿಕ್ ಹೊದಿಕೆಯ ಬಣ್ಣದ ನಕ್ಷೆಗಿಂತ ಈ ನೋಟ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಾನು ಕೊಂಡ ಅಂಥ ನಕ್ಷೆಯೊಂದರಲ್ಲಿ, ದಿನದ ಕೊನೆಗೆ ನೋಡಲಿರುವ ಸುಲ್ತಾನನ ಗೋರಿ ಇಬ್ರಾಹಿಂ ರೋಜಾವನ್ನು ಕೋಟೆಗೋಡೆಯ ಒಳಗೆ ತೋರಿಸಲಾಗಿತ್ತು, ಅದು ಇರುವುದು ಗೋಡೆಯ ಹೊರಗೆ, ಪಶ್ಚಿಮಕ್ಕೆ.

ಗ್ಯಾಲರಿಯಲ್ಲಿ ಕೇಳುವ ಬಗೆ

ಈಗ ಒಳಗೆ ಹೋಗೋಣ. ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ, ಗುಮ್ಮಟದ ಒಳಸುತ್ತಿಗೆ ಮೂರು ಮೀಟರಿಗೂ ತುಸು ಹೆಚ್ಚು ಅಗಲದ ಗ್ಯಾಲರಿ ಇದೆ. ಮಕ್ಕಳ ಕೈ ಬಿಡಬೇಡಿ, ಒಳ ಅಂಚಿಗೆ ಒರಗಬೇಡಿ. ಅಲ್ಲಿ ಮಾಡಬೇಕಾದ ಕೆಲಸವನ್ನು ಮೆಟ್ಟಿಲು ಹತ್ತುವ ಮೊದಲೇ ಮಾತಾಡಿಕೊಂಡಿರಬೇಕು, ಏಕೆಂದರೆ ಒಳಗೆ ಹೋದ ಮೇಲೆ ‘ನೀನು ಆ ಕಡೆ ಹೋಗು, ನಾನು ಇಲ್ಲಿರುತ್ತೇನೆ’ ಎಂದು ಕೂಗಿ ಹೇಳಿದರೆ ಆ ಕೂಗೇ ಇಡೀ ಗುಮ್ಮಟವನ್ನು ತುಂಬಿಕೊಳ್ಳುತ್ತದೆ.

ಕೂಗು ಏಕೆ ಕೆಲಸವನ್ನು ಕೆಡಿಸುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದು ಸುಲಭ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಜನ ಎರಡನ್ನೂ ‘ಎಕೋ’ ಎಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ಗಟ್ಟಿಯಾದ ಸದ್ದು ಎಲ್ಲ ದಿಕ್ಕಿಗೂ ಹರಡಿ, ಗುಮ್ಮಟದ ನೆತ್ತಿಗೂ ಗೋಡೆಗೂ ಬಡಿದು ಮತ್ತೆ ಮತ್ತೆ ಮರಳುತ್ತದೆ, ಇದು ಮಾರ್ದನಿ. ಪಿಸುಮಾತಿನ ದಾರಿ ಬೇರೆ. ಅದರಲ್ಲಿ ಉಸಿರಿನ ಸೀಳು ಸದ್ದು, ಅಂದರೆ ಹೆಚ್ಚಿನ ಕಂಪನಾಂಕದ ಅಲೆಗಳೇ ಹೆಚ್ಚು. ಅಂಥ ಅಲೆಗಳು ಒಳಬಾಗಿದ ಗೋಡೆಗೆ ಅಂಟಿಕೊಂಡಂತೆ ಅಂಚಿನಗುಂಟ ಸಾಗುತ್ತವೆ, ನಡುವಿನ ಬಯಲಿಗೆ ಹೆಚ್ಚು ಚದುರುವುದಿಲ್ಲ, ಆದ್ದರಿಂದ ದೂರ ಹೋದರೂ ಸೊರಗುವುದಿಲ್ಲ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲಿನ ಇಂಥದೇ ಗ್ಯಾಲರಿಯನ್ನು ಆಧಾರವಾಗಿಟ್ಟುಕೊಂಡು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಈ ವಿವರಣೆಯನ್ನು ಕೊಟ್ಟರು, 1920ರ ದಶಕದ ಆರಂಭದಲ್ಲಿ ನಮ್ಮ ಸಿ.ವಿ. ರಾಮನ್ ಅವರೂ ಅದೇ ಕೆಥೆಡ್ರಲಿನಲ್ಲಿ ಪ್ರಯೋಗ ನಡೆಸಿದರು. ಗದ್ದಲ ತುಂಬಿದ ಗುಮ್ಮಟದಲ್ಲಿಯೂ ಪಿಸುಮಾತು ಗೋಡೆಗುಂಟ ಬರುತ್ತಿರುತ್ತದೆ, ಆದರೆ ಮಾರ್ದನಿಯಡಿ ಮುಳುಗಿ ಕಿವಿಗೆ ತಲುಪುವುದಿಲ್ಲ.

ಆದ್ದರಿಂದ ಮೊದಲು ಕಾಯಬೇಕು. ಒಳಗೆ ಬೇರೆ ಗುಂಪು ಇದ್ದರೆ ಹೊರಗಿನ ಛಾವಣಿಯಲ್ಲಿ ಕುಳಿತುಕೊಳ್ಳಿ, ಅವರು ಹೇಗೂ ಬೇಗ ಇಳಿಯುತ್ತಾರೆ. ಒಮ್ಮೆ ನಾನು ಅತ್ತೆಯ ಮಕ್ಕಳನ್ನು ಭಾನುವಾರ ಹನ್ನೊಂದು ಗಂಟೆಗೆ ಕರೆದುಕೊಂಡು ಹೋಗಿ, ಕಾಯುವ ತಾಳ್ಮೆಯಿಲ್ಲದೆ ಸಂದಣಿಯ ನಡುವೆಯೇ ಅವರನ್ನು ಗೋಡೆಗೆ ನಿಲ್ಲಿಸಿದೆ. ಅವರಿಗೆ ಒಂದಕ್ಷರವೂ ಕೇಳಿಸಲಿಲ್ಲ. ‘ಪಿಸುಮಾತು ಎಂಬುದೆಲ್ಲ ಕಟ್ಟುಕತೆ’ ಎಂದು ನಂಬಿಕೊಂಡೇ ಅವರು ಊರಿಗೆ ಮರಳಿದರು. ಆ ನಂಬಿಕೆಯನ್ನು ತೆಗೆಯಲು ಇನ್ನೊಂದು ಚಳಿಗಾಲದ ಮುಂಜಾವು ಬೇಕಾಯಿತು.

ಗುಮ್ಮಟ ಶಾಂತವಾದ ಮೇಲೆ ಇಬ್ಬರು ಎದುರುಬದುರು ತುದಿಗಳಿಗೆ ಸದ್ದಿಲ್ಲದೆ ನಡೆದು ಹೋಗಿ. ನಡುವಿನ ನೇರ ಅಂತರ ಸುಮಾರು 38 ಮೀಟರ್, ಗೋಡೆಯ ಸುತ್ತಿನಲ್ಲಿ ಹೋದರೆ ಸುಮಾರು 60 ಮೀಟರ್. ಹೆಚ್ಚಿನವರು ತಪ್ಪುವುದು ಇಲ್ಲಿ: ಎದುರಿಗಿರುವವರ ಮುಖ ನೋಡುತ್ತ, ನಡುವಿನ ಬಯಲಿನ ಕಡೆಗೆ ಮಾತಾಡುತ್ತಾರೆ. ಹಾಗೆ ಮಾಡಬೇಡಿ. ಮಾತಾಡುವವರು ಗೋಡೆಯ ಪಕ್ಕಕ್ಕೆ ನಿಂತು, ಬಾಯಿಯನ್ನು ಗೋಡೆಯಿಂದ ಒಂದು ಗೇಣಿನಷ್ಟು ದೂರದಲ್ಲಿಟ್ಟು, ಗೋಡೆ ಬಾಗುತ್ತ ಹೋಗುವ ದಿಕ್ಕಿಗೆ ಮುಖ ಮಾಡಿ ಪಿಸುಗುಟ್ಟಬೇಕು. ಕೇಳುವವರು ಎದುರಿನ ಗೋಡೆಗೆ ಕಿವಿಯನ್ನು ಹತ್ತಿರ ತರಬೇಕು, ಒತ್ತಿ ಹಿಡಿಯಬಾರದು. ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರೆ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಏನು ಹೇಳಬೇಕೆಂಬುದೂ ಮುಖ್ಯ. ಗಂಟಲಿನ ದನಿ ಬೆರೆಸದೆ ಬರೀ ಉಸಿರಿನಲ್ಲಿ ಹೇಳಿ. ಸ, ಶ, ಚ, ಕ ಅಕ್ಷರಗಳು ತುಂಬಿರುವ ಮಾತುಗಳು ಚೆನ್ನಾಗಿ ತಲುಪುತ್ತವೆ, ‘ಅಮ್ಮ’, ‘ಮಾವ’ ಎಂಬಂಥ ಮೆತ್ತನೆಯ ಪದಗಳು ದಾರಿಯಲ್ಲೇ ಮಸುಕಾಗುತ್ತವೆ. ನಾನು ಮಕ್ಕಳಿಗೆ ‘ಸಕ್ಕರೆ ಚಹಾ ಸಾಕೇ?’ ಎಂದು ಹೇಳಿಸುತ್ತೇನೆ. ಮೂರು ನಾಲ್ಕು ಪದ ಹೇಳಿ ನಿಲ್ಲಿಸಿ, ಐದು ಎಣಿಸಿ, ಆಮೇಲೆ ಮುಂದುವರಿಯಿರಿ. ನಿಲ್ಲಿಸದೆ ಹೇಳುತ್ತ ಹೋದರೆ ಹಿಂದಿನ ಪದದ ಮರುದನಿಯ ಮೇಲೆ ಮುಂದಿನ ಪದ ಬೀಳುತ್ತದೆ. ಪಿಸುಮಾತು ಹಿಡಿಸದಿದ್ದರೆ ಒಂದು ಹಾಳೆಯನ್ನು ನಿಧಾನವಾಗಿ ಹರಿಯಿರಿ ಅಥವಾ ಹೊಸ ನೋಟನ್ನು ಬೆರಳ ನಡುವೆ ಉಜ್ಜಿ, ಆ ಸಣ್ಣ ಸರಸರ ಸದ್ದು ಆಚೆಯವರ ಕಿವಿಯ ಪಕ್ಕದಲ್ಲೇ ಆದಂತೆ ಕೇಳುತ್ತದೆ. ಕಡ್ಡಿ ಗೀರಿ ತೋರಿಸುವ ಹಳೆಯ ರೂಢಿಯೂ ಇದೆ, ಸ್ಮಾರಕದೊಳಗೆ ಬೆಂಕಿಯನ್ನು ನಾನು ಒಪ್ಪುವುದಿಲ್ಲ. ರಸ್ತೆಯಲ್ಲಿ ಮಾರುವ ಪೀಪಿಗಳನ್ನು ಮಕ್ಕಳಿಗೆ ಕೊಡಿಸಲೇಬೇಡಿ, ಮೊಬೈಲಿಗೆ ಜೋಡಿಸುವ ಸ್ಪೀಕರನ್ನೂ ತರಬೇಡಿ. ಧ್ವನಿಮುದ್ರಣ ಮಾಡಿಕೊಳ್ಳುವ ಆಸೆಯನ್ನೂ ಬಿಡುವುದು ಮೇಲು. ಫೋನಿನಲ್ಲಿ ನನಗೆ ಒಮ್ಮೆಯೂ ಅದು ಸರಿಯಾಗಿ ಸಿಕ್ಕಿಲ್ಲ, ಮುದ್ರಿಸುವ ಗಡಿಬಿಡಿಯಲ್ಲಿ ಕೇಳುವುದೇ ತಪ್ಪಿಹೋಗುತ್ತದೆ.

ಇಷ್ಟಾದ ಮೇಲೆ ಮಾರ್ದನಿಯನ್ನು ಪರೀಕ್ಷಿಸಬೇಕೆಂದರೆ ಒಂದೇ ಒಂದು ಚಪ್ಪಾಳೆ ತಟ್ಟಿ ಸುಮ್ಮನೆ ನಿಲ್ಲಿ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಗೋಡೆಯ ಪೂರ್ಣ ಸುತ್ತು 120 ಮೀಟರಿನಷ್ಟಿದೆ. ಹಾಗಾಗಿ ಗೋಡೆಯನ್ನು ಸುತ್ತಿ ಬರುವ ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಸಲ ಮರಳುತ್ತದೆ. ಮಕ್ಕಳಿಗೆ ಬೆರಳು ಮಡಚಿ ಎಣಿಸಲು ಹೇಳಿ. ಏಳೆಂಟು ಸಲವಾದರೂ ಸ್ಪಷ್ಟವಾಗಿ ಸಿಗುತ್ತದೆ.

ಕೆಳಗಿಳಿದ ಮೇಲೆ

ನೆಲಮಟ್ಟದ ವೇದಿಕೆಯ ಮೇಲೆ ವಿಜಯಪುರದ ಸುಲ್ತಾನ ಮೊಹಮ್ಮದ್ ಆದಿಲ್‌ಶಾಹ್ ಮತ್ತು ಅವನ ಕುಟುಂಬದವರ ಗೋರಿಗಳು ಕಾಣುತ್ತವೆ, ನಿಜವಾದ ಸಮಾಧಿಗಳಿರುವುದು ಅದರ ಕೆಳಗಿನ ನೆಲಮನೆಯಲ್ಲಿ. ದಕ್ಷಿಣದ ಬಾಗಿಲಿನ ಮೇಲಿನ ಶಾಸನ ಅವನ ಮರಣದ ವರ್ಷವನ್ನು ಹೇಳುತ್ತದೆ: ಹಿಜರಿ 1067, ಅಂದರೆ 1656. ಆಮೇಲೆ ತಲೆಯೆತ್ತಿ ಮೂಲೆಗಳನ್ನು ನೋಡಿ. ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂತಿರುವುದು ಹೇಗೆಂಬುದು ಅಲ್ಲಿ ತಿಳಿಯುತ್ತದೆ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಚೌಕವನ್ನು ವೃತ್ತಕ್ಕೆ ಹೊಂದಿಸುತ್ತವೆ, ಒಳಕ್ಕೆ ಚಾಚಿದ ಅವುಗಳ ಭಾರ ಗುಮ್ಮಟದ ಹೊರಮುಖದ ಒತ್ತಡವನ್ನು ತಡೆಹಿಡಿಯುತ್ತದೆ. ನಡುವೆ ಒಂದೂ ಕಂಬವಿಲ್ಲ. ಇದು ಜಗತ್ತಿನ ಅತಿ ದೊಡ್ಡ ಗುಮ್ಮಟ ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಒಳವ್ಯಾಸದಲ್ಲಿ ರೋಮಿನ ಪ್ಯಾಂಥಿಯನ್ನೇ 43 ಮೀಟರ್ ಇದೆ. ಗೋಳಗುಮ್ಮಟದ ಹಿರಿಮೆಗೆ ಆ ಸುಳ್ಳಿನ ಆಸರೆ ಬೇಕಾಗಿಲ್ಲ.

ವಸ್ತುಸಂಗ್ರಹಾಲಯವಿರುವುದು ಎದುರಿನ ನಗಾರಖಾನೆಯ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ. ಎಲ್ಲ ಗಾಜಿನ ಪೆಟ್ಟಿಗೆಗಳ ಮುಂದೆಯೂ ನಿಲ್ಲಬೇಕಾಗಿಲ್ಲ. ಕನ್ನಡ ಶಿಲಾಶಾಸನಗಳು, ಜೈನ ಶಿಲ್ಪಗಳು ಮತ್ತು ಆದಿಲ್‌ಶಾಹಿ ಕಾಲದ ರತ್ನಗಂಬಳಿಗಳು, ಈ ಮೂರಕ್ಕೆ ಮುಕ್ಕಾಲು ಗಂಟೆ ಕೊಡಿ. ಸುಲ್ತಾನರಿಗಿಂತ ಮೊದಲೂ ಈ ಊರು ಇತ್ತು ಎಂಬುದಕ್ಕೆ ಮೊದಲ ಎರಡು ಸಾಕ್ಷಿ.

ನಡುಹಗಲಿಗೆ ಜುಮ್ಮಾ ಮಸೀದಿ ತಕ್ಕದ್ದು, ಅಲ್ಲಿ ನೆರಳಿದೆ. ಮೈತುಂಬ ಬಟ್ಟೆ ಧರಿಸಿ, ತಲೆಗೊಂದು ವಸ್ತ್ರ ಹೊದ್ದು ಹೋಗಿ. 1565ರ ಸುಮಾರಿಗೆ ಒಂದನೆಯ ಅಲಿ ಆದಿಲ್‌ಶಾಹ್ ಆರಂಭಿಸಿದ ಈ ಕಟ್ಟಡದ ನೆಲದಲ್ಲಿ ನಮಾಜಿಗೆಂದು ಗುರುತಿಸಿದ 2,250 ಚೌಕಗಳಿವೆ, ಅವನ್ನು ಹಾಕಿಸಿದ್ದು ಔರಂಗಜೇಬ. ನಮಾಜಿನ ದಿಕ್ಕು ತೋರಿಸುವ, ಚಿನ್ನದ ಬಣ್ಣದ ಬರಹವಿರುವ ಗೋಡೆಗೂಡು ಮಿಹ್ರಾಬನ್ನು ನೋಡದೆ ಬರಬೇಡಿ.

ಊಟಕ್ಕೆ ಯಾವುದಾದರೂ ಖಾನಾವಳಿ ಸಾಕು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಕಡೆಗೆ ಹೊರಡಿ. ಕೋಟೆಗೋಡೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಕಡೆಗೆ ಹೋಗಿ ನೋಡಿ, ಸಿಂಹದ ದವಡೆಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೊ ತೆಗೆಯಬೇಡಿ. ಸಮೀಪದ ಉಪ್ಪಲಿ ಬುರುಜನ್ನು ಹತ್ತುವುದು ಕಾಲಿನ ಶಕ್ತಿಗೆ ಬಿಟ್ಟದ್ದು.

ಕೊನೆಗೆ ಇಬ್ರಾಹಿಂ ರೋಜಾ

ಇದನ್ನು ಬೆಳಿಗ್ಗೆ ನೋಡುವವರಿದ್ದಾರೆ, ನನ್ನ ಮಟ್ಟಿಗೆ ಅದು ತಪ್ಪು. ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ್‌ನ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕೊಳ. ಇಳಿಬಿಸಿಲು ಮಸೀದಿಯ ಕಡೆಯಿಂದ ಬಂದು ಗೋರಿಯ ಮುಂಭಾಗಕ್ಕೆ ಬೀಳುತ್ತದೆ, ಗೋಡೆಯ ಸಣ್ಣ ಕೆತ್ತನೆ ಆಗ ಎದ್ದು ಕಾಣುತ್ತದೆ. ಮೊದಲು ಹೊರಗೋಡೆಯನ್ನು ಪೂರ್ತಿ ಒಂದು ಸುತ್ತು ಹಾಕಿ, ಆಮೇಲೆ ಒಳಗೆ ಹೋಗಿ. ಕಿಟಕಿಗಳ ಕಲ್ಲಿನ ಜಾಲಂಧ್ರಗಳನ್ನು ಅರಬ್ಬಿ ಅಕ್ಷರಗಳಿಂದಲೇ ಹೆಣೆದಿದ್ದಾರೆ, ಬೆಳಕು ಒಳಬರುವುದು ಅಕ್ಷರಗಳ ನಡುವಿನ ಸಂದಿನಿಂದ. ಫ್ಲಾಶ್ ಹಾಕಿದರೆ ಅದು ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಹೊಂದುವವರೆಗೆ ಎರಡು ನಿಮಿಷ ನಿಂತು, ಆಮೇಲೆ ಮೇಲೆ ನೋಡಿ: ಕಲ್ಲಿನ ಚಾವಣಿ ಸಮತಟ್ಟಾಗಿದೆ, ಕೆಳಗೆ ಆಧಾರ ಕಾಣಿಸುವುದಿಲ್ಲ. ಇದನ್ನು ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರನ್ನು ಶಾಸನವೇ ಉಳಿಸಿಕೊಂಡಿದೆ.

ಹೊರಗೆ ಬಂದು ಕೊಳದ ಅಂಚಿನಲ್ಲಿ, ಗೋರಿಗೆ ಮುಖ ಮಾಡಿ ಕುಳಿತುಕೊಳ್ಳಿ. ಮುಚ್ಚುವ ಹೊತ್ತಾಯಿತೆಂದು ಕಾವಲುಗಾರರು ಸೀಟಿ ಊದುವವರೆಗೆ ಅಲ್ಲಿರಬಹುದು. ಆಟೊದವರನ್ನು ಅಷ್ಟು ಹೊತ್ತಿಗೆ ಗೇಟಿನ ಬಳಿ ಬರಲು ಮೊದಲೇ ಹೇಳಿಟ್ಟಿರಿ, ಸಂಜೆಯ ಮೇಲೆ ಆ ಕಡೆ ಬಾಡಿಗೆ ವಾಹನ ಸಿಗುವುದು ಕಷ್ಟ.